ಟೋಕನ್ ಹಣಕ್ಕಿಂತ ಮೊದಲು ಬರಹ

ಕೇಳುಗರಿಗೆ ನಮಸ್ಕಾರ. ತುಮಕೂರಿನ ಬಿ.ಎಚ್. ರಸ್ತೆಯಲ್ಲಿ ಒಂದು ಸುತ್ತು ಬನ್ನಿ. ಚಹಾ, ಐಸ್‌ಕ್ರೀಂ, ಕನ್ನಡಕ, ಔಷಧಿ, ಮಕ್ಕಳ ಪ್ಲೇಸ್ಕೂಲು. ಬೋರ್ಡಿನ ಮೇಲೆ ಎಲ್ಲಿಯದೋ ಕಂಪನಿಯ ಹೆಸರು, ಗಲ್ಲಾಪೆಟ್ಟಿಗೆಯ ಮುಂದೆ ಮಾತ್ರ ನಮ್ಮ ಗುಬ್ಬಿ, ಶಿರಾ, ಕೊರಟಗೆರೆ ಕಡೆಯ ಹುಡುಗರು. ದುಡ್ಡು ಕಟ್ಟಿ, ಕಂಪನಿಯ ಹೆಸರಿನಲ್ಲಿ ಅಂಗಡಿ ನಡೆಸುವ ಇಂಥ ಒಪ್ಪಂದಕ್ಕೆ ಫ್ರಾಂಚೈಸಿ ಅನ್ನುತ್ತಾರೆ. ಇವತ್ತಿನ ಮಾತು ಅವರಿಗೆ. ತೋಟದ ಮೇಲೆ ಸಾಲ ಎತ್ತಿ ಅವರ ಕೈಗೆ ದುಡ್ಡಿಡುವ ಅಪ್ಪ ಅಮ್ಮಂದಿರಿಗೆ ಇನ್ನೂ ಹೆಚ್ಚಾಗಿ.

ಹೇಳುವುದು ಒಂದೇ: ಕಂಪನಿಯವರು ಬಾಯಲ್ಲಿ ಹೇಳಿದ್ದು ಕಾಗದಕ್ಕೆ ಇಳಿಯುವವರೆಗೆ ಒಂದು ರೂಪಾಯಿಯೂ ಕೊಡಬೇಡಿ.

ಅಮೆರಿಕದಲ್ಲಿ ಸಹಿಗೆ ಅಥವಾ ಹಣಕ್ಕೆ 14 ದಿನ ಮುಂಚೆ ಕಂಪನಿ ತನ್ನ ಪೂರ್ಣ ವಿವರ ಕೊಡಲೇಬೇಕು. ನಮ್ಮಲ್ಲಿ ಫ್ರಾಂಚೈಸಿಗೆಂದೇ ಪ್ರತ್ಯೇಕ ಕಾಯ್ದೆ ಇಲ್ಲ. ಇರುವುದು 1872ರ ಕರಾರು ಕಾಯ್ದೆ, ಜಗಳವಾದರೆ ಕೋರ್ಟು ಮೊದಲು ನೋಡುವುದೇ ಕಾಗದವನ್ನು. ಆ 14 ದಿನವನ್ನು ನಮಗೆ ನಾವೇ ಕೊಟ್ಟುಕೊಳ್ಳಬೇಕು. ‘ಇವತ್ತೇ ಟೋಕನ್ (ಮುಂಗಡ) ಹಾಕಿ ಸರ್, ನಾಳೆ ಬೇರೆಯವರಿಗೆ ಹೋಗುತ್ತೆ’ ಅಂದರೆ, ಹೋಗಲಿ ಬಿಡಿ.

ಶೆಟ್ಟಿಹಳ್ಳಿಯ ಒಬ್ಬ ಯುವಕ ಚಹಾ ಅಂಗಡಿ ಹಿಡಿದ ಅಂತಿಟ್ಟುಕೊಳ್ಳಿ. ಫ್ರಾಂಚೈಸಿ ಶುಲ್ಕ 4 ಲಕ್ಷ. ಅದರ ಮೇಲೆ ಶೇ. 18 ಜಿಎಸ್‌ಟಿ, ಅಂದರೆ 72 ಸಾವಿರ. ಇದನ್ನು ಮೊದಲೇ ಯಾರೂ ಹೇಳಿರುವುದಿಲ್ಲ. ಒಳಗಿನ ಅಲಂಕಾರ ಕಂಪನಿಯ ಗುತ್ತಿಗೆದಾರನಿಂದಲೇ, ಅದು 6 ಲಕ್ಷ. ಮಳಿಗೆಗೆ ತಿಂಗಳ ಬಾಡಿಗೆ 35 ಸಾವಿರ, ಮಾಲೀಕರ ಜೊತೆ 3 ವರ್ಷ ಲಾಕ್-ಇನ್, ಅಂದರೆ ಅಷ್ಟು ದಿನ ಮಳಿಗೆ ಬಿಡುವಂತಿಲ್ಲ, ಬಿಟ್ಟರೂ ಬಾಡಿಗೆ ಕಟ್ಟಬೇಕು. ಕಂಪನಿಯ ಒಪ್ಪಂದದಲ್ಲಿ ಏನಿದೆ? 30 ದಿನದ ನೋಟಿಸ್ ಕೊಟ್ಟು ಯಾವಾಗ ಬೇಕಾದರೂ ರದ್ದು ಮಾಡಬಹುದು. 8ನೇ ತಿಂಗಳಿಗೆ ರದ್ದಾಯಿತು ಅನ್ನಿ, ಉಳಿದ 28 ತಿಂಗಳ ಬಾಡಿಗೆ 9 ಲಕ್ಷ 80 ಸಾವಿರ ಯಾರ ತಲೆ ಮೇಲೆ? ಎರಡೂ ಕರಾರನ್ನು ಅಕ್ಕಪಕ್ಕ ಇಟ್ಟು ಒಮ್ಮೆ ಓದಿದ್ದರೆ ಸಾಕಿತ್ತು. ‘ಫ್ರಾಂಚೈಸಿ ರದ್ದಾದರೆ ಲಾಕ್-ಇನ್ ಕೂಡ ಮುಗಿಯುತ್ತದೆ’ ಅಂತ ಬಾಡಿಗೆ ಕರಾರಿನಲ್ಲಿ ಒಂದು ಸಾಲು ಸೇರಿಸಿಕೊಳ್ಳಬಹುದಿತ್ತು.

ಅವನ ಕಥೆ ಮುಗಿದಿಲ್ಲ. ‘ತುಮಕೂರಿಗೆಲ್ಲ ನೀವೊಬ್ಬರೇ’ ಅಂದಿದ್ದರು. ಆರೇ ತಿಂಗಳಿಗೆ ಬಟವಾಡಿಯಲ್ಲಿ ಅದೇ ಬೋರ್ಡು. ಕೇಳಿದರೆ ಒಪ್ಪಂದದ ಕೊನೆಯ ಪುಟ ತೋರಿಸಿದರು: ‘ಹಿಂದೆ ಆಡಿದ ಯಾವ ಮಾತೂ, ಕೊಟ್ಟ ಯಾವ ಭರವಸೆಯೂ ಈ ಒಪ್ಪಂದಕ್ಕೆ ಸೇರಿಲ್ಲ.’ ಈ ಒಂದು ಸಾಲು ಬಾಯಿಮಾತನ್ನೆಲ್ಲ ನುಂಗಿಹಾಕುತ್ತದೆ. ವ್ಯಾಪ್ತಿ ಅಂದರೆ ಬರೀ ‘ತುಮಕೂರು’ ಅಲ್ಲ. ಟೌನ್‌ಹಾಲ್ ವೃತ್ತದಿಂದ ಎಲ್ಲಿಯವರೆಗೆ, ಪಿನ್‌ಕೋಡ್ 572101 ಮಾತ್ರವೋ 572103 ಕೂಡ ಸೇರಿದೆಯೋ, ಮೊಬೈಲ್ ಆ್ಯಪ್‌ನಲ್ಲಿ ಬರುವ ಆರ್ಡರ್ ಯಾರಿಗೆ, ಇಷ್ಟೂ ಬರೆಸಬೇಕು. ಚಹಾಪುಡಿ ಕಂಪನಿಯಿಂದಲೇ ಕೊಳ್ಳಬೇಕಾದರೆ ವರ್ಷಕ್ಕೆ ಎಷ್ಟಕ್ಕಿಂತ ಹೆಚ್ಚು ಬೆಲೆ ಏರಿಸುವಂತಿಲ್ಲ ಅಂತಲೂ ಬರೆಸಿ. ಕಂಪನಿಯ ಹೆಸರು ಬಳಸುವುದಕ್ಕೆ ಆಗಾಗ ಕಟ್ಟುವ ಪಾಲು, ಅಂದರೆ ರಾಯಲ್ಟಿಯ ಲೆಕ್ಕ ಮಾರಾಟದ ಮೇಲೋ ಲಾಭದ ಮೇಲೋ ನೋಡಿ. ಮಾರಾಟದ ಮೇಲಾದರೆ, ನಷ್ಟದ ತಿಂಗಳಲ್ಲೂ ಕಟ್ಟಲೇಬೇಕು.

ಈಗಾಗಲೇ ಸಹಿ ಹಾಕಿದವರು ಏನು ಮಾಡಬೇಕು? ‘18 ತಿಂಗಳಲ್ಲಿ ಬಂಡವಾಳ ವಾಪಸ್’ ಅನ್ನುವ ಪಟ್ಟಿ ವಾಟ್ಸಾಪ್‌ನಲ್ಲಿ ಬಂದಿತ್ತಲ್ಲ, ಅದನ್ನು ಅಳಿಸಬೇಡಿ, ಆ ಫೋನನ್ನು ಮಾರಬೇಡಿ. ಸುಳ್ಳೆಂದು ಗೊತ್ತಿದ್ದೂ ಹೇಳಿದ್ದರೆ ಕರಾರು ಕಾಯ್ದೆಯ ಸೆಕ್ಷನ್ 17ರ ವಂಚನೆ, ನಿಜವೆಂದೇ ನಂಬಿ ತಪ್ಪು ಹೇಳಿದ್ದರೆ ಸೆಕ್ಷನ್ 18. ಎರಡರಲ್ಲೂ ಕರಾರು ರದ್ದು ಕೇಳುವ ದಾರಿ ಸೆಕ್ಷನ್ 19ರಲ್ಲಿದೆ. ಆ ವಾಟ್ಸಾಪ್ ದಾಖಲೆಯನ್ನು ಕೋರ್ಟಿಗೆ ಕೊಡುವಾಗ, ಎಲೆಕ್ಟ್ರಾನಿಕ್ ದಾಖಲೆಗೆ ಬೇಕಾದ ಸಾಕ್ಷ್ಯ ಅಧಿನಿಯಮದ ಸೆಕ್ಷನ್ 63ರ ಪ್ರಮಾಣಪತ್ರ ಜೊತೆಗಿರಬೇಕು, ಬರೀ ಸ್ಕ್ರೀನ್‌ಶಾಟ್ ಸಾಲದು. ಫೋನಿನಲ್ಲಿ ಮಾತಾದ ದಿನವೇ ‘ಇವತ್ತು ತಾವು ಹೀಗೆ ಹೇಳಿದಿರಿ’ ಅಂತ ಒಂದು ಇ-ಮೇಲ್ ಕಳಿಸಿ. ಬಾಯಿಮಾತು ಬರಹವಾಗುವುದು ಹೀಗೇ. ಮೋಸ ತಿಳಿದ ಮೇಲೂ ವರ್ಷಗಟ್ಟಲೆ ತುಟಿಬಿಚ್ಚದೆ ವ್ಯಾಪಾರ ಮಾಡಿದರೆ ಒಪ್ಪಿಕೊಂಡಂತೆಯೇ ಆಗುತ್ತದೆ.

ಸಮಯ ಮುಗಿಯುತ್ತಾ ಬಂತು, ಉಳಿದದ್ದು ಬೇಗ ಹೇಳುತ್ತೇನೆ. ಆರ್ಬಿಟ್ರೇಷನ್, ಅಂದರೆ ಕೋರ್ಟಿನ ಬದಲು ಮಧ್ಯಸ್ಥಗಾರರ ಮುಂದೆ ವ್ಯಾಜ್ಯ ತೀರ್ಮಾನ, ದೆಹಲಿಯಲ್ಲಿ ಅಂತಿದ್ದರೆ ಸಹಿಗೆ ಮುಂಚೆಯೇ ಬೆಂಗಳೂರು ಅಂತ ತಿದ್ದಿಸಿ, ಇಲ್ಲವಾದರೆ ತಡೆಯಾಜ್ಞೆಗೂ ದೆಹಲಿಗೇ ಓಡಬೇಕು. ಆರ್ಬಿಟ್ರೇಟರ್‌ನನ್ನು (ಆ ಮಧ್ಯಸ್ಥಗಾರನನ್ನು) ಕಂಪನಿಯ ಎಂ.ಡಿ.ಯೇ ನೇಮಿಸುತ್ತಾರೆ ಅನ್ನುವ ಷರತ್ತು 2019ರ ಸುಪ್ರೀಂ ಕೋರ್ಟ್ ತೀರ್ಪಿನ ಮುಂದೆ ನಿಲ್ಲುವುದಿಲ್ಲ. ಠೇವಣಿ ಪೂರ್ತಿ ಮುಟ್ಟುಗೋಲು ಅಂತ ಬರೆದಿದ್ದರೂ ಕರಾರು ಕಾಯ್ದೆಯ ಸೆಕ್ಷನ್ 74ರ ಪ್ರಕಾರ ಕಂಪನಿಗೆ ನ್ಯಾಯವಾದ ಪರಿಹಾರಕ್ಕಿಂತ ಹೆಚ್ಚು ಸಿಗದು. ಒಪ್ಪಂದ ಮುಗಿದ ಮೇಲೂ ಎರಡು ವರ್ಷ ಚಹಾ ಅಂಗಡಿ ಇಡಬಾರದು ಅನ್ನುವ ಷರತ್ತು ಅದೇ ಕಾಯ್ದೆಯ ಸೆಕ್ಷನ್ 27ರಡಿ ಅಸಿಂಧು. ಒಪ್ಪಂದ ನಡೆಯುತ್ತಿರುವಾಗ ಮಾತ್ರ ಅಂಥ ನಿರ್ಬಂಧ ನಡೆಯುತ್ತದೆ, ಸುಪ್ರೀಂ ಕೋರ್ಟಿನ 1995ರ ಗುಜರಾತ್ ಬಾಟ್ಲಿಂಗ್ ತೀರ್ಪು ಅದನ್ನೇ ಹೇಳಿದೆ. ಹಾಗಾಗಿ ಹೊಸ ಅಂಗಡಿ ತೆರೆಯಿರಿ, ಆದರೆ ಹಳೆಯ ಬೋರ್ಡು, ಅವರ ಹೆಸರಿನ ಚಹಾ ಕಪ್‌ಗಳನ್ನು ಮೊದಲ ದಿನವೇ ಇಳಿಸಿ, ಇಳಿಸಿದ್ದಕ್ಕೆ ಫೋಟೋ ತೆಗೆದು ಅದನ್ನೂ ಇ-ಮೇಲ್‌ನಲ್ಲೇ ಅವರಿಗೆ ಕಳಿಸಿ. ನಮಸ್ಕಾರ.