ಏಡನ್ ಬಿಟ್ಟು ಹೊರಟವರು

ಕೇಳುಗರೆಲ್ಲರಿಗೂ ನಮಸ್ಕಾರ.

1966ರ ಫೆಬ್ರುವರಿಯಲ್ಲಿ ಲಾರ್ಡ್ ಬೆಸ್ವಿಕ್ ಎಂಬ ಕಿರಿಯ ಮಂತ್ರಿಯೊಬ್ಬರು ಲಂಡನ್ನಿನಿಂದ ಏಡನ್‌ಗೆ ಬಂದಿಳಿದರು. ಅರೇಬಿಯದ ದಕ್ಷಿಣ ತುದಿಯ ಸುಲ್ತಾನರು, ಶೇಖರು, ಷರೀಫರು ಸೇರಿ ನಡೆಸುತ್ತಿದ್ದ ಒಕ್ಕೂಟ ಸರಕಾರಕ್ಕೆ ಅವರು ಒಂದು ಸುದ್ದಿ ಮುಟ್ಟಿಸಬೇಕಾಗಿತ್ತು. 1968ರೊಳಗೆ ನಿಮಗೆ ಸ್ವಾತಂತ್ರ್ಯ ಕೊಡುತ್ತೇವೆ, ನಮ್ಮ ಸೇನಾನೆಲೆಯನ್ನು ತೆಗೆಯುತ್ತೇವೆ, ಆಮೇಲೆ ನಿಮ್ಮ ರಕ್ಷಣೆಯ ಹೊಣೆ ನಮ್ಮದಲ್ಲ. ಎರಡು ವರ್ಷದ ಹಿಂದಷ್ಟೇ, 1964ರ ಲಂಡನ್ ಸಮ್ಮೇಳನದಲ್ಲಿ, ಸ್ವಾತಂತ್ರ್ಯದ ನಂತರವೂ ರಕ್ಷಣಾ ಒಪ್ಪಂದ ಉಳಿಯುತ್ತದೆ ಎಂದು ಬ್ರಿಟನ್ ಮಾತು ಕೊಟ್ಟಿತ್ತು. ಮಾತು ಕೊಟ್ಟವರು ಕನ್ಸರ್ವೇಟಿವ್ ಪಕ್ಷದವರು, ಹಿಂತೆಗೆದವರು ಲೇಬರ್ ಪಕ್ಷದವರು. ಲಂಡನ್ನಿನಲ್ಲಿ ಇದು ದೊಡ್ಡ ವ್ಯತ್ಯಾಸವೇ ಇರಬಹುದು. ಒಕ್ಕೂಟದ ಸಂಸ್ಥಾನಗಳಲ್ಲೊಂದಾದ ಬೈಹಾನ್‌ನ ಷರೀಫನಿಗೆ ಮಾತ್ರ ಇಂಗ್ಲಿಷರೆಂದರೆ ಇಂಗ್ಲಿಷರೇ.

ಮಂತ್ರಿಗಳು ಸುದ್ದಿ ಹೇಳಿ ವಿಮಾನ ಹತ್ತಿ ಹೋಗಬಹುದು. ಆದರೆ ಆ ಮುಖಂಡರ ಮನೆಗಳಲ್ಲಿ ವರ್ಷಗಟ್ಟಲೆ ಕುಳಿತು ಕಾಫಿ ಕುಡಿದು, ನಮ್ಮನ್ನು ನಂಬಿ ಎಂದು ಹೇಳುತ್ತ ಬಂದಿದ್ದ ವಸಾಹತು ಅಧಿಕಾರಿಗಳು ಅಲ್ಲಿಯೇ ಇರಬೇಕಾಗಿತ್ತು. ಅವರ ಪಾಡು ಏನಾಯಿತು, ಅವರನ್ನು ನಂಬಿದ್ದವರ ಪಾಡು ಏನಾಯಿತು ಎಂಬುದು ಇವತ್ತಿನ ವಿಷಯ.

ಏಡನ್ ಬ್ರಿಟಿಷರ ಕೈಸೇರಿದ್ದು 1839ರ ಜನವರಿ 19ರಂದು. ಅದನ್ನು ಹಿಡಿದ ಕ್ಯಾಪ್ಟನ್ ಹೇನ್ಸ್ ಈಸ್ಟ್ ಇಂಡಿಯಾ ಕಂಪನಿಯ ನೌಕಾಧಿಕಾರಿ. ಅಲ್ಲಿಂದ ಸುಮಾರು ಒಂದು ಶತಮಾನ ಕಾಲ ಆ ಊರಿನ ಆಡಳಿತ ನಡೆದದ್ದು ಭಾರತದಿಂದ, ಅದರಲ್ಲೂ ಬಹುಕಾಲ ಮುಂಬಯಿಯಿಂದ. ಚಲಾವಣೆಯಲ್ಲಿದ್ದದ್ದು ನಮ್ಮ ರೂಪಾಯಿ. 1937ರಲ್ಲಿ ಏಡನ್ ಪ್ರತ್ಯೇಕ ವಸಾಹತಾದರೂ, ಮುಖಂಡರನ್ನು ನಿಭಾಯಿಸುವ ಪದ್ಧತಿ ಭಾರತದ ಸಂಸ್ಥಾನಗಳಲ್ಲಿ ಕಲಿತದ್ದೇ ಆಗಿ ಉಳಿಯಿತು. ಬೆಂಗಳೂರಿನ ರೆಸಿಡೆನ್ಸಿ ರಸ್ತೆಗೆ ಆ ಹೆಸರು ಬರಲು ಕಾರಣವಾದ ರೆಸಿಡೆಂಟ್, ಅಂದರೆ ದೊರೆಯ ಪಕ್ಕದಲ್ಲಿ ಕೂರುವ ಬ್ರಿಟಿಷ್ ಪ್ರತಿನಿಧಿ, ಆ ಪದವಿಯೇ ಅಲ್ಲಿಗೂ ಹೋಗಿತ್ತು. ಕುಶಾಲು ತೋಪುಗಳ ಲೆಕ್ಕವೂ ಹೋಗಿತ್ತು. ಯಾವ ಸುಲ್ತಾನನಿಗೆ ಎಷ್ಟು ತೋಪು ಎಂಬುದು ಅಲ್ಲಿಯೂ ಮಾನಾಪಮಾನದ ಪ್ರಶ್ನೆಯಾಗಿತ್ತು.

ಈ ನಿಭಾವಣೆ ನಡೆಯುತ್ತಿದ್ದ ಬಗೆಯನ್ನು ಸ್ವಲ್ಪ ಹತ್ತಿರದಿಂದ ನೋಡೋಣ. ಬಂದರಿನ ಆಚೆಗಿನ ಗುಡ್ಡಗಾಡನ್ನು ಬ್ರಿಟಿಷರು ಗೆಲ್ಲಲಿಲ್ಲ, ಗೆಲ್ಲುವ ಖರ್ಚೂ ಅವರಿಗೆ ಬೇಡವಾಗಿತ್ತು. ಬದಲಿಗೆ ಒಬ್ಬೊಬ್ಬ ಮುಖಂಡನ ಜೊತೆ ಒಂದೊಂದು ಒಪ್ಪಂದ ಮಾಡಿಕೊಂಡರು. ಬೇರೆ ಯಾವ ದೇಶಕ್ಕೂ ನೆಲ ಕೊಡಬೇಡ, ನಿನ್ನನ್ನು ನಾವು ಕಾಯುತ್ತೇವೆ. ಜೊತೆಗೆ ತಿಂಗಳಿಗೋ ವರ್ಷಕ್ಕೋ ಇಷ್ಟು ಹಣ. ಮುಖಂಡರ ವ್ಯವಹಾರ ನೋಡಿಕೊಳ್ಳುವ ಬ್ರಿಟಿಷ್ ಅಧಿಕಾರಿ, ಅಂದರೆ ಪೊಲಿಟಿಕಲ್ ಆಫೀಸರ್, ಬಂದಾಗ ಬಂದೂಕು, ಮದ್ದುಗುಂಡು. ಬಂದೂಕು ಎಂದರೆ ಅಲ್ಲಿ ಗಂಡಸಿನ ಮರ್ಯಾದೆ, ಗುಂಡು ಎಂದರೆ ಹೆಚ್ಚುಕಡಿಮೆ ನಾಣ್ಯ. ಕೊಟ್ಟದ್ದನ್ನು ಮುಖಂಡ ಒಬ್ಬನೇ ಇಟ್ಟುಕೊಳ್ಳುವಂತಿರಲಿಲ್ಲ, ತನ್ನ ಬುಡಕಟ್ಟಿನಲ್ಲಿ ಹಂಚಬೇಕಾಗಿತ್ತು. ಹಂಚಿದಷ್ಟೂ ಅವನ ಮಾತು ನಡೆಯುತ್ತಿತ್ತು. ಕಾರವಾನುಗಳನ್ನು ದೋಚಿದ ಬುಡಕಟ್ಟು ದಂಡ ಕಟ್ಟದೆ ಹೋದರೆ ಇನ್ನೊಂದು ವಿಧಾನವಿತ್ತು. ವಿಮಾನದಿಂದ ಮೊದಲು ಎಚ್ಚರಿಕೆಯ ಚೀಟಿಗಳು ಉದುರುತ್ತಿದ್ದವು. ಜನ ಊರು ಬಿಟ್ಟು ಗುಹೆ ಸೇರಿಕೊಳ್ಳಲು ಒಂದಿಷ್ಟು ಸಮಯ ಕೊಟ್ಟು, ಆಮೇಲೆ ಬಾಂಬು.

ಇಲ್ಲಿ ಒಂದು ವಿಚಿತ್ರವಿದೆ. ಒಪ್ಪಂದಕ್ಕೆ ಸಹಿ ಬೇಕು, ಸಹಿಗೆ ಒಬ್ಬ ಮನುಷ್ಯ ಬೇಕು. ಅಲ್ಲಿನ ಎಷ್ಟೋ ಮುಖಂಡರು ನಿಜವಾಗಿ ಆಳುವವರಲ್ಲ, ಜಗಳ ಬಿಡಿಸುವ ಹಿರಿಯರು. ಬ್ರಿಟಿಷ್ ಹಣ, ಬ್ರಿಟಿಷ್ ಬಂದೂಕು ಬಂದಮೇಲೆ ಅವರು ದೊರೆಗಳಾದರು. ಅಧಿಕಾರಿಗಳು ಬುಡಕಟ್ಟಿನ ಜನರನ್ನು ನೋಡಿದ್ದು ಈ ದೊರೆಗಳ ಕಣ್ಣಿನಿಂದ. ನನ್ನ ದೃಷ್ಟಿಯಲ್ಲಿ ಮುಂದಿನ ಅನಾಹುತದ ಬೇರು ಇದೇ. ಮಾತು ಮುರಿದದ್ದು ಆಮೇಲಿನ ತಪ್ಪು. ಯಾರ ಕೈಯಲ್ಲಿ ಮಾತು ತೆಗೆದುಕೊಂಡರು ಎಂಬುದು ಮೊದಲಿನ ತಪ್ಪು.

ಈ ದೊರೆಗಳಲ್ಲಿ ಒಂದು ಮನೆತನ ನಮಗೆ ಅಷ್ಟೇನೂ ದೂರದ್ದಲ್ಲ. ಪೂರ್ವದ ಹದ್ರಮೌತ್ ಪ್ರಾಂತ್ಯವನ್ನು ಆಳಿದ ಅಲ್-ಕುಐತಿ ವಂಶ. ಕುವೈತ್ ದೇಶಕ್ಕೂ ಇವರಿಗೂ ಸಂಬಂಧವಿಲ್ಲ. ಈ ವಂಶದ ಮೂಲಪುರುಷ ಉಮರ್ ಬಿನ್ ಅವಧ್ ಹತ್ತೊಂಬತ್ತನೆಯ ಶತಮಾನದಲ್ಲಿ ಹೈದರಾಬಾದ್ ನಿಜಾಮನ ಅರಬ್ ಪಡೆಯಲ್ಲಿ ಜಮಾದಾರನಾಗಿದ್ದವನು. ಆಗ ನಿಜಾಮನ ಸೀಮೆಯೆಂದರೆ ನಮ್ಮ ಬೀದರ್, ಕಲಬುರಗಿ, ರಾಯಚೂರುಗಳೂ ಸೇರಿದ ಸೀಮೆ. ದಖ್ಖನಿನಲ್ಲಿ ಗಳಿಸಿದ ಹಣದಿಂದ ಆ ಮನೆತನ ಅರೇಬಿಯದ ಕರಾವಳಿಯಲ್ಲಿ ಮುಕಲ್ಲಾ, ಶಿಹ್ರ್ ಬಂದರುಗಳನ್ನು ಹಿಡಿದು ರಾಜ್ಯ ಕಟ್ಟಿತು. ಆ ರಾಜ್ಯಕ್ಕೆ 1930ರ ದಶಕದಲ್ಲಿ ಹೆರಾಲ್ಡ್ ಇಂಗ್ರಾಮ್ಸ್ ಎಂಬ ಅಧಿಕಾರಿ ಹೋದರು. ಪತ್ನಿ ಡೊರೀನ್ ಜೊತೆ ಕಣಿವೆಯಿಂದ ಕಣಿವೆಗೆ ಅಲೆದು, ಪರಸ್ಪರ ಗುಂಡು ಹಾರಿಸುತ್ತಿದ್ದ ಬುಡಕಟ್ಟುಗಳ ಮುಖಂಡರಿಂದ ಸಾವಿರಕ್ಕೂ ಹೆಚ್ಚು ಸಹಿ ಹಾಕಿಸಿ, 1937ರಲ್ಲಿ ಕದನವಿರಾಮ ತಂದರು. ಇಂಗ್ರಾಮ್ಸ್ ಶಾಂತಿ ಎಂದೇ ಅದಕ್ಕೆ ಹೆಸರಾಯಿತು. ವಸಾಹತುಶಾಹಿಯನ್ನು ಎಷ್ಟೇ ಟೀಕಿಸಿದರೂ ಈ ಕೆಲಸವನ್ನು ತೆಗೆದುಹಾಕಲು ನನಗೆ ಮನಸ್ಸು ಬರುವುದಿಲ್ಲ. ಅದು ನಿಂತದ್ದು ಪೂರ್ತಿ ವೈಯಕ್ತಿಕ ನಂಬಿಕೆಯ ಮೇಲೆ.

1959ರಲ್ಲಿ ಪಶ್ಚಿಮದ ಆರು ಸಂಸ್ಥಾನಗಳನ್ನು ಸೇರಿಸಿ ಬ್ರಿಟಿಷರು ಒಕ್ಕೂಟ ಕಟ್ಟಿದರು. ಆಮೇಲೆ ಇನ್ನಷ್ಟು ಸಂಸ್ಥಾನಗಳು ಬಂದವು. ಏಡನ್ ನಗರವನ್ನೂ ಅದಕ್ಕೆ ಜೋಡಿಸುವ ನಿರ್ಣಯಕ್ಕೆ ಅಲ್ಲಿನ ಶಾಸನಸಭೆ ಒಪ್ಪಿಗೆ ಕೊಟ್ಟದ್ದು 1962ರ ಸೆಪ್ಟೆಂಬರ್ 24ರಂದು. ಎರಡೇ ದಿನಕ್ಕೆ ಪಕ್ಕದ ಯೆಮನ್‌ನಲ್ಲಿ ಸೈನ್ಯ ದಂಗೆಯೆದ್ದು ಅಲ್ಲಿನ ದೊರೆ ಇಮಾಮನನ್ನು ಕೆಳಗಿಳಿಸಿ ಗಣರಾಜ್ಯ ಸಾರಿತು. ಕಾರ್ಮಿಕ ಸಂಘಗಳು, ಪತ್ರಿಕೆಗಳು, ಎಣ್ಣೆ ಸಂಸ್ಕರಣಾಗಾರ ಇದ್ದ ಬಂದರು ನಗರವೊಂದನ್ನು, ಬಂದೂಕು ಹಂಚಿ ಆಳುವ ಸುಲ್ತಾನರ ಜೊತೆ ಒಂದೇ ನೊಗಕ್ಕೆ ಕಟ್ಟಿದರೆ ಬಂಡಿ ಎತ್ತ ಹೋದೀತು?

ಬಾನುಲಿಯಲ್ಲಿ ಮಾತಾಡುತ್ತಿರುವುದರಿಂದ ಇದನ್ನು ಹೇಳದೆ ಇರಲಾರೆ. ಪೊಲಿಟಿಕಲ್ ಆಫೀಸರ್‌ನ ಅತಿ ದೊಡ್ಡ ಎದುರಾಳಿ ಟ್ರಾನ್ಸಿಸ್ಟರ್. ಕೈರೋದ 'ಅರಬರ ಧ್ವನಿ' ಬಾನುಲಿ, ಈಜಿಪ್ಟಿನ ಅಧ್ಯಕ್ಷ ನಾಸೆರ್ ಅವರ ಮಾತನ್ನು ಗುಡ್ಡದ ಮೇಲಿನ ಕೋಟೆಮನೆಗಳಿಗೂ ತಲುಪಿಸಿತು. ಅದರ ಪ್ರಕಾರ ಸುಲ್ತಾನರು ಇಂಗ್ಲಿಷರ ಕೈಗೊಂಬೆಗಳು. ವರ್ಷಕ್ಕೆ ಕೆಲವು ಸಲ ಬಂದು ಹೋಗುವ ಅಧಿಕಾರಿ ಎಲ್ಲಿ, ದಿನವೂ ಕಿವಿಯ ಪಕ್ಕದಲ್ಲೇ ಮಾತಾಡುವ ಪೆಟ್ಟಿಗೆ ಎಲ್ಲಿ! 1963ರ ಅಕ್ಟೋಬರ್‌ನಲ್ಲಿ ರದ್ಫಾನ್ ಗುಡ್ಡಗಳಲ್ಲಿ ಬಂಡಾಯ ಶುರುವಾಯಿತು. ಅದೇ ಡಿಸೆಂಬರ್‌ನಲ್ಲಿ ಏಡನ್ ವಿಮಾನ ನಿಲ್ದಾಣದಲ್ಲಿ ಬ್ರಿಟಿಷ್ ಹೈಕಮಿಷನರ್ ಟ್ರೆವಾಸ್ಕಿಸ್ ಮೇಲೆ ಗ್ರೆನೇಡ್ ಬಿತ್ತು. ಅವರು ಉಳಿದರು, ಅವರ ಸಹಾಯಕ ಜಾರ್ಜ್ ಹೆಂಡರ್ಸನ್ ಸತ್ತರು.

ಇಂಥ ಹೊತ್ತಿನಲ್ಲಿ ಬಂದದ್ದು ಬೆಸ್ವಿಕ್ ತಂದ ಸುದ್ದಿ. ಹೋಗುವ ತಾರೀಖನ್ನೂ, ರಕ್ಷಣೆ ಇಲ್ಲವೆಂಬುದನ್ನೂ ಒಟ್ಟಿಗೆ ಸಾರಿದ ಮೇಲೆ ಯಾರು ತಾನೇ ಸುಲ್ತಾನರ ಪಕ್ಷ ಹಿಡಿದಾರು? ಒಕ್ಕೂಟದ ಸೈನಿಕರೂ ಪೊಲೀಸರೂ ನಾಳೆಯ ಲೆಕ್ಕ ಹಾಕತೊಡಗಿದರು. 1967ರ ಜೂನ್ 20ರಂದು ಅವರೇ ದಂಗೆಯೆದ್ದರು. ಆ ಒಂದು ದಿನ ಇಪ್ಪತ್ತಕ್ಕೂ ಹೆಚ್ಚು ಬ್ರಿಟಿಷ್ ಸೈನಿಕರು ಸತ್ತರು. ಆಗಸ್ಟ್ ಮತ್ತು ಸೆಪ್ಟೆಂಬರ್‌ನಲ್ಲಿ ಬ್ರಿಟಿಷರ ವಿರುದ್ಧ ಬಂದೂಕು ಹಿಡಿದಿದ್ದ ರಾಷ್ಟ್ರೀಯ ವಿಮೋಚನಾ ರಂಗದವರು ಒಂದೊಂದೇ ಸಂಸ್ಥಾನವನ್ನು ವಶಪಡಿಸಿಕೊಂಡರು. ಹಲವೆಡೆ ದೊರೆ ಊರಲ್ಲೇ ಇರಲಿಲ್ಲ. ವಿಶ್ವಸಂಸ್ಥೆಯ ನಿಯೋಗದ ಜೊತೆ ಮಾತಾಡಲು ಕೆಲವರು ಜಿನೀವಾಕ್ಕೆ ಹೋಗಿದ್ದರು. ಕೊನೆಯ ಹೈಕಮಿಷನರ್ ಹಂಫ್ರಿ ಟ್ರೆವೆಲ್ಯನ್, ಒಕ್ಕೂಟ ಸರಕಾರ ಇನ್ನಿಲ್ಲ, ರಾಷ್ಟ್ರೀಯವಾದಿಗಳೊಂದಿಗೇ ಮಾತಾಡುತ್ತೇವೆ ಎಂದು ಸೆಪ್ಟೆಂಬರ್ 5ರಂದು ಹೇಳಿಬಿಟ್ಟರು. ಟ್ರೆವೆಲ್ಯನ್ ಹಿಂದೆ ನಮ್ಮ ಇಂಡಿಯನ್ ಪೊಲಿಟಿಕಲ್ ಸರ್ವಿಸ್‌ನಲ್ಲಿದ್ದವರು. ಸಂಸ್ಥಾನಿಕರನ್ನು ಕೈಬಿಟ್ಟು ಹೊರಡುವುದನ್ನು ಅವರ ಸೇವಾವರ್ಗ 1947ರಲ್ಲೇ ಒಮ್ಮೆ ಕಂಡಿತ್ತು.

ಹೈದರಾಬಾದ್ ನಂಟಿನ ಮನೆತನದ ಕೊನೆಯ ದೊರೆ ಸುಲ್ತಾನ್ ಗಾಲಿಬ್‌ಗೆ ಆಗ ಹತ್ತೊಂಬತ್ತು ವರ್ಷ. ಪಟ್ಟಕ್ಕೆ ಬಂದು ಒಂದು ವರ್ಷವೂ ತುಂಬಿರಲಿಲ್ಲ. ಸೆಪ್ಟೆಂಬರ್ ಮಧ್ಯದಲ್ಲಿ ಅವರ ಹಡಗು ಮುಕಲ್ಲಾ ಬಂದರಿಗೆ ಬಂದಾಗ ಊರು ವಿಮೋಚನಾ ರಂಗದ ಕೈಯಲ್ಲಿತ್ತು, ಇಳಿಯಲು ಬಿಡಲಿಲ್ಲ. ಬ್ರಿಟಿಷ್ ಸಲಹೆಗಾರರು ಅಷ್ಟರಲ್ಲಿ ಹೊರಟುಹೋಗಿದ್ದರು. ಗಾಲಿಬ್ ಮುಂದೆ ಇಂಗ್ಲೆಂಡಿನಲ್ಲೇ ಓದಿ ಇತಿಹಾಸಕಾರರಾದರು. ನವೆಂಬರ್ 30ಕ್ಕೆ ದಕ್ಷಿಣ ಯೆಮನ್ ಸ್ವತಂತ್ರವಾಯಿತು.

ಅದೇ ನವೆಂಬರ್‌ನಲ್ಲಿ ಗೊರೊನ್ವಿ ರಾಬರ್ಟ್ಸ್ ಎಂಬ ಬ್ರಿಟಿಷ್ ಮಂತ್ರಿ, ಬ್ರಿಟನ್ನಿನ ರಕ್ಷಣೆಯಲ್ಲೇ ಇದ್ದ ಪರ್ಷಿಯನ್ ಕೊಲ್ಲಿಯ ಶೇಖರನ್ನು ಕಂಡು, ನಾವು ಇಲ್ಲಿಂದ ಹೋಗುವುದಿಲ್ಲ ಎಂದು ಭರವಸೆ ಕೊಟ್ಟು ಬಂದಿದ್ದರು. ಎರಡು ತಿಂಗಳಿಗೆ, 1968ರ ಜನವರಿಯಲ್ಲಿ, ಅವರನ್ನೇ ಮತ್ತೆ ಕಳಿಸಿ 1971ರ ಕೊನೆಗೆ ಹೋಗುತ್ತೇವೆ ಎಂದು ಹೇಳಿಸಿದರು. ಸೈನ್ಯದ ಖರ್ಚು ತಾನು ಕೊಡುತ್ತೇನೆ, ಉಳಿಯಿರಿ ಎಂದು ಅಬುಧಾಬಿಯ ಶೇಖ್ ಝಾಯೆದ್ ಕೇಳಿದರು, ಲಂಡನ್ ಒಪ್ಪಲಿಲ್ಲ. ಆದರೂ ಏಡನ್‌ನಲ್ಲಿ ಆದದ್ದು ಇಲ್ಲಿ ಆಗಲಿಲ್ಲ. ಎಣ್ಣೆಯ ಹಣವಿತ್ತು, ಸುಮಾರು ನಾಲ್ಕು ವರ್ಷದ ಸಮಯವಿತ್ತು, ಏಡನ್‌ನಂತೆ ಕುದಿಯುವ ನಗರವಿರಲಿಲ್ಲ. ಝಾಯೆದ್ ಮತ್ತು ದುಬೈಯ ಶೇಖ್ ರಾಶಿದ್ ಫೆಬ್ರುವರಿಯಲ್ಲೇ ಮರಳುಗಾಡಿನಲ್ಲಿ ಭೇಟಿಯಾಗಿ ಒಂದಾಗುವ ಮಾತಾಡಿದರು. ಹಿಂದೆ ಏಡನ್ನಿನ ಗವರ್ನರ್ ಆಗಿದ್ದ ವಿಲಿಯಂ ಲೂಸ್ 1970ರಿಂದ ಶೇಖರ ನಡುವೆ ಓಡಾಡಿ ಸಂಧಾನ ನಡೆಸಿದರು. 1971ರ ಡಿಸೆಂಬರ್ 2ರಂದು ಸಂಯುಕ್ತ ಅರಬ್ ಎಮಿರೇಟ್ಸ್ ಹುಟ್ಟಿತು. ಇದರ ಯಶಸ್ಸನ್ನು ಪೂರ್ತಿಯಾಗಿ ಬ್ರಿಟಿಷ್ ಅಧಿಕಾರಿಗಳ ಖಾತೆಗೆ ಜಮಾ ಮಾಡುವವರಿದ್ದಾರೆ. ನಾನು ಒಪ್ಪುವುದಿಲ್ಲ.

ಕಾರಣ, ಅದೇ ಕೊಲ್ಲಿಯ ಶೇಖ್ ಸಂಸ್ಥಾನಗಳಲ್ಲೊಂದಾದ ರಾಸ್ ಅಲ್ ಖೈಮಾ. ಅದರ ರಕ್ಷಣೆಯ ಹೊಣೆ ಹೊತ್ತ ಬ್ರಿಟಿಷ್ ಒಪ್ಪಂದ ಡಿಸೆಂಬರ್ 1ಕ್ಕೆ ಮುಗಿಯುವುದಿತ್ತು. ನವೆಂಬರ್ 30ರಂದು ಇರಾನಿನ ಪಡೆಗಳು ಅದರ ತುಂಬ್ ದ್ವೀಪಗಳಿಗೆ ಇಳಿದವು. ಪೊಲೀಸರು ಎದುರಿಸಿದರು, ಎರಡೂ ಕಡೆ ಸಾವುಗಳಾದವು. ಬ್ರಿಟನ್ ಕೈಹಾಕಲಿಲ್ಲ. ಅಲ್ಲಿನ ದೊರೆ ಶೇಖ್ ಸಖ್ರ್ ಡಿಸೆಂಬರ್ 2ರ ಒಕ್ಕೂಟಕ್ಕೆ ಸೇರದೆ ಹೊರಗುಳಿದು, 1972ರ ಫೆಬ್ರುವರಿಯಲ್ಲಿ ಸೇರಿಕೊಂಡರು. ಆ ದ್ವೀಪಗಳು ಇವತ್ತಿಗೂ ಇರಾನಿನ ಹಿಡಿತದಲ್ಲಿವೆ, ಎಮಿರೇಟ್ಸ್ ಇವತ್ತಿಗೂ ಅವು ತನ್ನವೆನ್ನುತ್ತದೆ.

ನಮಸ್ಕಾರ.