ಒಂದೇ ಟ್ಯೂನ್, ಹತ್ತು ಕೈ

ಸ್ನೇಹಿತರೇ, ಎಲ್ಲರಿಗೂ ನಮಸ್ಕಾರ.

ಹಗಲು ಆಫೀಸು, ಅಂಗಡಿ, ಆಸ್ಪತ್ರೆ ಅಂತ ದುಡಿದು, ರಾತ್ರಿ ಮನೆಯವರು ಮಲಗಿದ ಮೇಲೆ ಗಿಟಾರ್ ಕೈಗೆತ್ತಿಕೊಳ್ಳುವ ಹವ್ಯಾಸಿ ಜಾಝ್ ವಾದಕರ ಬಗ್ಗೆ ಇವತ್ತು ಮಾತಾಡುತ್ತೇನೆ. ಇವರಲ್ಲಿ ಒಂದು ಒಳ್ಳೆಯ ರೂಢಿ ಇದೆ. ಒಂದಷ್ಟು ಜನ ಸೇರಿ ಒಂದು ಟ್ಯೂನ್ ಆರಿಸಿಕೊಳ್ಳುತ್ತಾರೆ. ಕೆಲವು ವಾರ ಎಲ್ಲರೂ ಅದನ್ನೇ ನುಡಿಸುತ್ತಾರೆ. ಪ್ರತಿಯೊಬ್ಬರೂ ತಮ್ಮ ಟೇಕ್, ಅಂದರೆ ಒಂದು ಸಲ ನುಡಿಸಿದ್ದನ್ನು, ರೆಕಾರ್ಡ್ ಮಾಡಿ ಉಳಿದವರಿಗೆ ಕಳಿಸುತ್ತಾರೆ. ಆಮೇಲೆ ಒಬ್ಬೊಬ್ಬರ ಟೇಕ್ ಕೇಳಿ ಮಾತಾಡುತ್ತಾರೆ. ನಾನೂ ಇಂಥ ಒಂದು ಗುಂಪಿನಲ್ಲಿದ್ದೇನೆ. ಜಾಝ್ ಕಲಿಯುವುದಕ್ಕೆ ಇದಕ್ಕಿಂತ ಒಳ್ಳೆಯ ದಾರಿ ನನಗೆ ಕಂಡಿಲ್ಲ. ನುಡಿಸುವಾಗ ಕಲಿಯುವುದಕ್ಕಿಂತ, ಬೇರೆಯವರ ಟೇಕ್ ಕೇಳಿ ಮಾತಾಡುವಾಗ ನಾವು ಜಾಸ್ತಿ ಕಲಿಯುತ್ತೇವೆ. ಯಾಕೆ ಅಂತ ಇವತ್ತು ಹೇಳಲು ಪ್ರಯತ್ನಿಸುತ್ತೇನೆ.

ಉದಾಹರಣೆಗೆ ಒಂದೇ ಟ್ಯೂನ್ ಇಟ್ಟುಕೊಳ್ಳೋಣ: ‘ಆಲ್ ದ ಥಿಂಗ್ಸ್ ಯು ಆರ್’. ಜೆರೋಮ್ ಕರ್ನ್ ಸಂಗೀತ, ಆಸ್ಕರ್ ಹ್ಯಾಮರ್‌ಸ್ಟೈನ್ ಸಾಹಿತ್ಯ. 1939ರಲ್ಲಿ ನ್ಯೂಯಾರ್ಕಿನ ಬ್ರಾಡ್‌ವೇಯಲ್ಲಿ ಬಂದ ಒಂದು ಸಂಗೀತ ನಾಟಕದ ಹಾಡು. ನಾಟಕ 59 ಪ್ರದರ್ಶನಕ್ಕೇ ನಿಂತುಹೋಯಿತು. ಹಾಡು ಮಾತ್ರ ಉಳಿಯಿತು. 1945ರಲ್ಲಿ ಟ್ರಂಪೆಟ್ ವಾದಕ ಡಿಝಿ ಗಿಲೆಸ್ಪಿ ಮತ್ತು ಸ್ಯಾಕ್ಸೊಫೋನ್ ವಾದಕ ಚಾರ್ಲಿ ಪಾರ್ಕರ್ ಇದನ್ನು ರೆಕಾರ್ಡ್ ಮಾಡಿದರು. ಅದರಲ್ಲಿ ಗಿಟಾರ್ ನುಡಿಸಿದವರು ರೆಮೊ ಪಾಲ್ಮಿಯೆರಿ. ಅವತ್ತು ಆ ತಂಡ ಶುರುವಿಗೆ ಹಾಕಿದ ಸಣ್ಣ ಪೀಠಿಕೆಯನ್ನು ಇವತ್ತಿಗೂ ಲೋಕದ ತುಂಬಾ ಹವ್ಯಾಸಿಗಳು ನುಡಿಸುತ್ತಾರೆ. ಅದು ಕರ್ನ್ ಬರೆದದ್ದೇ ಅಂತ ನಂಬಿದವರೂ ಇದ್ದಾರೆ.

ಈ ಟ್ಯೂನಿನಲ್ಲಿ ಏನಿದೆ? ಮೊದಲು ಕಾರ್ಡ್ ಅಂದರೇನು ಅಂತ ಹೇಳಿಬಿಡುತ್ತೇನೆ. ಮೂರು ನಾಲ್ಕು ಸ್ವರಗಳನ್ನು ಒಟ್ಟಿಗೆ ನುಡಿಸಿದರೆ ಅದು ಕಾರ್ಡ್. ಜಾಝ್‌ನಲ್ಲಿ ಒಂದು ಟ್ಯೂನ್ ಅಂದರೆ ಒಂದು ರಾಗದಂಥ ಹಾಡು, ಅದರ ಕೆಳಗೆ ಕಾರ್ಡ್‌ಗಳ ಒಂದು ಸಾಲು. ಎಲ್ಲರೂ ಮೊದಲು ಹಾಡನ್ನು ನುಡಿಸುತ್ತಾರೆ. ಆಮೇಲೆ ಹಾಡನ್ನು ಬಿಟ್ಟು, ಕಾರ್ಡ್‌ಗಳ ಸಾಲನ್ನು ಮಾತ್ರ ಮತ್ತೆ ಮತ್ತೆ ಸುತ್ತು ಹಾಕುತ್ತಾ ಮನೋಧರ್ಮದಿಂದ ಹೊಸದನ್ನು ಕಟ್ಟುತ್ತಾರೆ. ಒಂದು ಸುತ್ತಿಗೆ ಕೋರಸ್ ಅಂತಾರೆ. ನಮ್ಮ ನೆರವಲ್‌ನಲ್ಲಿ, ಅಂದರೆ ಹಾಡಿನ ಒಂದು ಸಾಲನ್ನೇ ಮನೋಧರ್ಮದಿಂದ ಬೆಳೆಸುವಾಗ, ಸಾಹಿತ್ಯದ ಸಾಲು ಉಳಿಯುತ್ತದೆ, ರಾಗ ಉಳಿಯುತ್ತದೆ, ಶ್ರುತಿ ಅಲ್ಲಾಡುವುದಿಲ್ಲ. ಇಲ್ಲಿ ಸಾಹಿತ್ಯ ಹೋಗುತ್ತದೆ, ಆಧಾರ ಷಡ್ಜವೇ ಆಗಾಗ ಜಾಗ ಬದಲಿಸುತ್ತದೆ. ಕರ್ನಾಟಕ ಸಂಗೀತ ಕೇಳಿ ಬೆಳೆದ ಕಿವಿಗೆ ಮೊದಮೊದಲು ಕಷ್ಟವಾಗುವುದು ಇದೇ.

ಈ ಟ್ಯೂನ್ 36 ಬಾರ್‌ಗಳದ್ದು. ಇಲ್ಲಿ ಬಾರ್ ಅಂದರೆ ನಾಲ್ಕು ಎಣಿಕೆಯ ಒಂದು ಆವರ್ತ. ಹೆಚ್ಚಿನ ಹಾಡುಗಳು 32 ಬಾರ್‌ಗೆ ಮುಗಿಯುತ್ತವೆ. ಇಲ್ಲಿ ಎಂಟು, ಎಂಟು, ಎಂಟು, ಕೊನೆಗೆ ಹನ್ನೆರಡು. ಪಾಶ್ಚಾತ್ಯ ಸಂಗೀತದಲ್ಲಿ ಸ್ವರಗಳಿಗೆ ಎ, ಬಿ, ಸಿ ಅಂತ ಅಕ್ಷರದ ಹೆಸರು; ಫ್ಲಾಟ್ ಅಂದರೆ ಅರ್ಧ ಸ್ವರ ಕೆಳಗೆ, ಶಾರ್ಪ್ ಅಂದರೆ ಅರ್ಧ ಸ್ವರ ಮೇಲೆ. ಎಫ್ ಮೈನರ್‌ನಿಂದ ಹೊರಟು ಬಿ ಫ್ಲಾಟ್, ಇ ಫ್ಲಾಟ್, ಎ ಫ್ಲಾಟ್, ಡಿ ಫ್ಲಾಟ್ ಅಂತ ಕಾರ್ಡ್‌ಗಳು ಸಾಗುತ್ತವೆ. ಎಫ್ ಅನ್ನು ಷಡ್ಜ ಅಂದುಕೊಂಡರೆ ಬಿ ಫ್ಲಾಟ್ ಅದರ ಶುದ್ಧ ಮಧ್ಯಮ. ಪ್ರತಿ ಹೆಜ್ಜೆಯೂ ಹಿಂದಿನದರ ಶುದ್ಧ ಮಧ್ಯಮಕ್ಕೇ. ಗಿಟಾರ್‌ನವರಿಗೆ ಇದು ಕೈಯಲ್ಲೇ ಸಿಗುತ್ತದೆ. ಎಲ್ಲಕ್ಕಿಂತ ದಪ್ಪ ತಂತಿಯ ಮೊದಲ ಫ್ರೆಟ್ (ಗಿಟಾರ್ ಕತ್ತಿನ ಮೇಲಿನ ಮೆಟ್ಟಿಲು) ಒತ್ತಿದರೆ ಎಫ್. ಅದೇ ಫ್ರೆಟ್‌ನಲ್ಲಿ ಪಕ್ಕದ ತಂತಿ ಒತ್ತಿದರೆ ಬಿ ಫ್ಲಾಟ್. ಅದರ ಪಕ್ಕದ್ದು ಇ ಫ್ಲಾಟ್. ಅದರ ಪಕ್ಕದ್ದು ಎ ಫ್ಲಾಟ್. ನಾಲ್ಕು ಕಾರ್ಡ್‌ಗಳ ಬುಡವೂ ಒಂದೇ ಗೆರೆಯಲ್ಲಿ ಸಾಲಾಗಿ ಕೂತಿದೆ. ಐದನೆಯದಕ್ಕೆ ಮಾತ್ರ ಮುಂದಿನ ತಂತಿಯಲ್ಲಿ ಒಂದು ಫ್ರೆಟ್ ಮುಂದೆ ಹೋಗಬೇಕು. ಗಿಟಾರ್‌ನವರಿಗೆ ಈ ಟ್ಯೂನ್ ಇಷ್ಟವಾಗುವುದಕ್ಕೆ ಇದೂ ಒಂದು ಕಾರಣ ಅಂತ ನನಗೆ ಅನಿಸುತ್ತದೆ.

ಇನ್ನೊಂದು ವಿಷಯ. ಪ್ರತಿ ಕಾರ್ಡಿನ ಬುಡವನ್ನು ಷಡ್ಜ ಅಂತ ಹಿಡಿದು ಮೇಲಿನ ಹಾಡನ್ನು ಕೇಳಿ. ಹಾಡಿನ ಮುಖ್ಯ ಸ್ವರ ಹೆಚ್ಚಿನ ಕಡೆ ಗಾಂಧಾರದಲ್ಲೇ ಬಂದು ನಿಲ್ಲುತ್ತದೆ. ಕಾರ್ಡ್ ಬದಲಾಯಿತು, ಮತ್ತೆ ಗಾಂಧಾರ. ಇನ್ನೊಂದು ಕಾರ್ಡ್, ಮತ್ತೆ ಗಾಂಧಾರ. ಕಾರ್ಡ್ ಮೇಜರೋ (ಅಂತರ ಗಾಂಧಾರ) ಮೈನರೋ (ಸಾಧಾರಣ ಗಾಂಧಾರ) ಅಂತ ಹೇಳುವ ಸ್ವರವೇ ಅದು. ಹಾಗಾಗಿ ಜೊತೆಗೆ ಯಾರೂ ಇಲ್ಲದೆ ಬರೀ ಹಾಡನ್ನು ನುಡಿಸಿದರೂ ಕೆಳಗಿನ ಕಾರ್ಡ್‌ಗಳು ಕೇಳಿಸಿದಂತಾಗುತ್ತದೆ.

ಇನ್ನು ನನಗೆ ಅತಿ ಪ್ರಿಯವಾದ ಜಾಗಕ್ಕೆ ಬರುತ್ತೇನೆ. 23ನೇ ಬಾರ್. ಅಷ್ಟು ಹೊತ್ತಿಗೆ ಟ್ಯೂನ್ ಸುತ್ತಾಡಿ ಇ ಮೇಜರ್‌ಗೆ ಬಂದು ನಿಂತಿರುತ್ತದೆ. ಹಾಡಿನ ಸ್ವರ ಜಿ ಶಾರ್ಪ್. ಇ ಷಡ್ಜವಾದರೆ ಇದು ಅಂತರ ಗಾಂಧಾರ, ತಿಳಿಯಾದ ಸ್ವರ. ಆ ಸ್ವರವನ್ನು ಹಾಗೇ ಹಿಡಿದಿರುವಾಗ 24ನೇ ಬಾರ್‌ನಲ್ಲಿ ಕೆಳಗಿನ ಕಾರ್ಡ್ ಸಿ ಆಗುತ್ತದೆ. ಅದೇ ಸ್ವರ ಈಗ ಶುದ್ಧ ಧೈವತ. 25ನೇ ಬಾರ್‌ನಲ್ಲಿ ಕಾರ್ಡ್ ಎಫ್ ಮೈನರ್‌ಗೆ ಹೋಗುತ್ತದೆ. ಅದೇ ಸ್ವರ ಈಗ ಸಾಧಾರಣ ಗಾಂಧಾರ. ಮೂರು ಬಾರ್‌ಗಳಲ್ಲಿ ಒಂದೇ ಸ್ವರಕ್ಕೆ ಮೂರು ಮುಖ. ಗ್ರಹಭೇದ, ಅಂದರೆ ಷಡ್ಜದ ಜಾಗ ಬದಲಿಸಿ ಅವೇ ಸ್ವರಗಳನ್ನು ಬೇರೆಯಾಗಿ ಕೇಳಿಸುವುದು, ಗೊತ್ತಿರುವವರಿಗೆ ಇದು ಕೇಳಿದ ಕೂಡಲೇ ರೋಮಾಂಚನವಾಗುವ ಜಾಗ. ಟ್ಯೂನ್ ಮತ್ತೆ ತನ್ನ ಮನೆಗೆ ವಾಪಸ್ ಬರುವುದೂ ಈ ಒಂದು ಸ್ವರವನ್ನು ಹಿಡಿದುಕೊಂಡೇ.

ನೀವು ಒಬ್ಬರೇ ಅಭ್ಯಾಸ ಮಾಡುತ್ತಿದ್ದರೆ ಈ ಜಾಗವನ್ನು ದಾಟಿ ಹೋಗಿಬಿಡುವ ಸಾಧ್ಯತೆ ಜಾಸ್ತಿ. ಬೆರಳು ಮುಂದಿನ ಕಾರ್ಡ್ ಹುಡುಕುತ್ತಿರುತ್ತದೆ. ಆದರೆ ಹತ್ತು ಜನರ ಟೇಕ್ ಸಾಲಾಗಿ ಕೇಳಿದಾಗ ಏನಾಗುತ್ತದೆ ನೋಡಿ. ಒಬ್ಬರು 24ನೇ ಬಾರ್‌ನಲ್ಲಿ ಸುಮ್ನೆ ನಿಂತಿರುತ್ತಾರೆ, ಸ್ವರವನ್ನು ಕರಗಲು ಬಿಟ್ಟಿರುತ್ತಾರೆ. ಇನ್ನೊಬ್ಬರು ಅಲ್ಲೇ ಜೋರಾಗಿ ಮೇಲೇರಿ ಹೋಗಿರುತ್ತಾರೆ. ಮತ್ತೊಬ್ಬರು ಸ್ವರವನ್ನು ಮೇಲಿನ ತಂತಿಯಲ್ಲಿ ಕಟ್ಟಿಹಾಕಿ, ಕೆಳಗಿನ ಸ್ವರಗಳನ್ನು ಮಾತ್ರ ಒಂದೊಂದಾಗಿ ಸರಿಸಿರುತ್ತಾರೆ. ಆ ಒಂದು ಬಾರ್‌ನಲ್ಲಿ ಏನಿದೆ ಅಂತ ಆಗ ನಿಮ್ಮ ಕಿವಿಗೆ ಬೀಳುತ್ತದೆ. ಯಾವ ಪುಸ್ತಕವೂ ಇದನ್ನು ಇಷ್ಟು ಬೇಗ ಕಲಿಸುವುದಿಲ್ಲ.

ಪುಸ್ತಕದ ಮಾತು ಬಂತಲ್ಲ, ಅದನ್ನೂ ಹೇಳುತ್ತೇನೆ. 1970ರ ದಶಕದಲ್ಲಿ ಬಾಸ್ಟನ್ನಿನ ಬರ್ಕ್ಲಿ ಸಂಗೀತ ಕಾಲೇಜಿನ ವಿದ್ಯಾರ್ಥಿಗಳು ಟ್ಯೂನ್‌ಗಳನ್ನು ಕೈಬರಹದಲ್ಲಿ ಬರೆದು ‘ರಿಯಲ್ ಬುಕ್’ ಅಂತ ಒಂದು ಸಂಗ್ರಹ ಮಾಡಿದರು. ಹಕ್ಕುದಾರರ ಅನುಮತಿ ಇಲ್ಲದ ಪುಸ್ತಕ ಅದು, ಕದ್ದುಮುಚ್ಚಿ ಮಾರಾಟವಾಗುತ್ತಿತ್ತು. 2004ರಲ್ಲಷ್ಟೇ ಕಾನೂನುಬದ್ಧ ಆವೃತ್ತಿ ಬಂತು. ಅದು ದೊಡ್ಡ ಉಪಕಾರ ಮಾಡಿದೆ, ಸಂಶಯವಿಲ್ಲ. ಆದರೆ ಅದರ ಹಳೆಯ ಪ್ರತಿಗಳಲ್ಲಿ ತಪ್ಪುಗಳಿದ್ದವು. ಅದಕ್ಕಿಂತ ಮುಖ್ಯವಾಗಿ, ಒಂದು ಟ್ಯೂನಿಗೆ ಒಂದೇ ಸರಿಯಾದ ಕಾರ್ಡ್ ಸಾಲು ಇದೆ ಅನ್ನುವ ಭಾವನೆ ಓದುವವರಲ್ಲಿ ಬೆಳೆಯಿತು. ನಮ್ಮ ಗುಂಪಿನಲ್ಲಿ ಅತಿ ಬಿಸಿಯಾದ ಚರ್ಚೆ ನಡೆದದ್ದು 32ನೇ ಬಾರ್ ಬಗ್ಗೆ. ಅಲ್ಲಿ ಬಿ ಡಿಮಿನಿಶ್ಡ್ ಎಂಬ ಕಾರ್ಡ್ ನುಡಿಸಬೇಕೋ, ಬೇರೆ ಏನಾದರೂ ಹಾಕಬಹುದೋ? ಕೊನೆಗೆ ಎಲ್ಲರೂ ಹಳೆಯ ರೆಕಾರ್ಡಿಂಗ್‌ಗಳಿಗೆ ಹೋದರು. ಅಲ್ಲಿ ನೋಡಿದರೆ ಒಬ್ಬೊಬ್ಬರು ಒಂದೊಂದು ರೀತಿ ದಾಟಿದ್ದಾರೆ. ಹಾಗೆ ಹುಡುಕುತ್ತಾ ಎಷ್ಟೋ ಒಳ್ಳೆಯ ಸಂಗೀತ ಕೇಳಿದೆವು, ಅದೇ ನಿಜವಾದ ಲಾಭ.

ಜಾಝ್ ಗಿಟಾರ್‌ನ ಇತಿಹಾಸವೇ ಒಬ್ಬರನ್ನೊಬ್ಬರು ಕೇಳಿ ಬೆಳೆದ ಇತಿಹಾಸ. ಒಕ್ಲಹೋಮ ಸಿಟಿಯಲ್ಲಿ ಬೆಳೆದ ಗಿಟಾರ್ ವಾದಕ ಚಾರ್ಲಿ ಕ್ರಿಶ್ಚಿಯನ್ 1939ರಲ್ಲಿ ಕ್ಲಾರಿನೆಟ್ ವಾದಕ ಬೆನ್ನಿ ಗುಡ್‌ಮನ್ ತಂಡ ಸೇರಿದರು. ಎಲೆಕ್ಟ್ರಿಕ್ ಗಿಟಾರ್‌ಗೆ ಸೋಲೋ (ಒಬ್ಬರೇ ಮುಂದಾಗಿ ಮನೋಧರ್ಮ ನುಡಿಸುವ) ವಾದ್ಯದ ಸ್ಥಾನ ಕೊಟ್ಟವರು ಅವರು. ಕೆಲಸ ಮುಗಿದ ಮೇಲೆ ನ್ಯೂಯಾರ್ಕಿನ ಹಾರ್ಲೆಮ್‌ನ ಮಿಂಟನ್ಸ್ ಎಂಬ ಕ್ಲಬ್ಬಿಗೆ ಹೋಗಿ ಬೆಳಗಿನ ಜಾವದವರೆಗೆ ನುಡಿಸುತ್ತಿದ್ದರು. 1942ರಲ್ಲಿ ಕ್ಷಯದಿಂದ ತೀರಿಕೊಂಡಾಗ ಅವರಿಗೆ 25 ವರ್ಷ. ಮಿಂಟನ್ಸ್‌ನ ಆ ರಾತ್ರಿಗಳನ್ನು ನಾವು ಇವತ್ತು ಕೇಳಬಹುದು. ಕಾರಣ, ಕೊಲಂಬಿಯಾ ವಿಶ್ವವಿದ್ಯಾಲಯದ ಜೆರಿ ನ್ಯೂಮನ್ ಎಂಬ ವಿದ್ಯಾರ್ಥಿ 1941ರಲ್ಲಿ ತನ್ನ ರೆಕಾರ್ಡಿಂಗ್ ಯಂತ್ರವನ್ನು ಅಲ್ಲಿಗೆ ಹೊತ್ತುಕೊಂಡು ಹೋಗಿದ್ದ. ಸ್ಟುಡಿಯೋ ರೆಕಾರ್ಡ್‌ಗಳಲ್ಲಿ ಮೂರು ನಿಮಿಷದ ಮಿತಿಯೊಳಗೆ ಇರಬೇಕಾಗಿದ್ದ ಕ್ರಿಶ್ಚಿಯನ್, ಇಲ್ಲಿ ಕೋರಸ್ ಮೇಲೆ ಕೋರಸ್ ನುಡಿಸುತ್ತಾರೆ. ಸಂಗೀತ ಪ್ರೀತಿಸಿದ ಒಬ್ಬ ಹುಡುಗ ಇಷ್ಟು ದೊಡ್ಡ ಆಸ್ತಿ ಉಳಿಸಿಕೊಟ್ಟ.

ಕ್ರಿಶ್ಚಿಯನ್‌ರ ರೆಕಾರ್ಡ್‌ಗಳನ್ನು ಕೇಳಿದವರಲ್ಲಿ ಇಂಡಿಯಾನಾಪೊಲಿಸ್‌ನ ಗಿಟಾರ್ ವಾದಕ ವೆಸ್ ಮಾಂಟ್‌ಗೊಮೆರಿ ಒಬ್ಬರು. ಇಪ್ಪತ್ತರ ಆಸುಪಾಸಿನಲ್ಲಿ, ಮದುವೆಯಾದ ಮೇಲೆ, ಅವರು ಕ್ರಿಶ್ಚಿಯನ್‌ರ ಸೋಲೋಗಳನ್ನು ಒಂದೊಂದಾಗಿ ಕೇಳಿ ಕಲಿತರು. ಸಂಗೀತ ಬರಹ ಓದಲು ಅವರಿಗೆ ಬರುತ್ತಿರಲಿಲ್ಲ. ಎಷ್ಟೋ ವರ್ಷ ಹಗಲು ಕಾರ್ಖಾನೆಯ ಕೆಲಸ, ರಾತ್ರಿ ಕ್ಲಬ್ಬಿನಲ್ಲಿ ಗಿಟಾರ್. ಅಕ್ಕಪಕ್ಕದವರಿಗೆ ತೊಂದರೆ ಆಗಬಾರದು ಅಂತ ಪಿಕ್ (ತಂತಿ ಮೀಟುವ ಸಣ್ಣ ಬಿಲ್ಲೆ) ಬಿಟ್ಟು ಹೆಬ್ಬೆರಳಿನಿಂದ ಮೀಟಲು ಶುರುಮಾಡಿದರು ಅನ್ನುವುದು ಗಿಟಾರ್‌ನವರೆಲ್ಲ ಹೇಳುವ ಕಥೆ. ಆ ಮೆತ್ತನೆಯ ದಪ್ಪ ನಾದವೇ ಅವರ ಗುರುತಾಯಿತು. 1959ರಲ್ಲಿ ಸ್ಯಾಕ್ಸೊಫೋನ್ ವಾದಕ ಕ್ಯಾನನ್‌ಬಾಲ್ ಆಡರ್ಲಿ ಅವರನ್ನು ಕೇಳಿ ರೆಕಾರ್ಡ್ ಕಂಪನಿಗೆ ಹೇಳಿದ ಮೇಲೆ ಲೋಕಕ್ಕೆಲ್ಲ ಗೊತ್ತಾದರು. ಅಷ್ಟು ಹೊತ್ತಿಗೆ ಅವರಿಗೆ 36 ವರ್ಷ. ಸಂಸಾರ, ಉದ್ಯೋಗ ಎಲ್ಲ ಹೊತ್ತುಕೊಂಡು ರಾತ್ರಿ ಅಭ್ಯಾಸ ಮಾಡುವ ನಮ್ಮಂಥವರಿಗೆ ವೆಸ್ ತೀರಾ ಹತ್ತಿರದವರು ಅನಿಸುವುದು ಸಹಜ, ಅಲ್ವಾ?

ಈಗ ಚರ್ಚೆ ಹೇಗೆ ನಡೆಯಬೇಕು ಅನ್ನುವ ಬಗ್ಗೆ. ‘ಸೂಪರ್’, ‘ತುಂಬಾ ಚೆನ್ನಾಗಿದೆ’ ಅನ್ನುವುದು ಪ್ರೀತಿಯ ಮಾತು. ನುಡಿಸಿದವರಿಗೆ ಅದೂ ಬೇಕು. ತನ್ನ ಟೇಕ್ ಇನ್ನೊಬ್ಬರಿಗೆ ಕೊಡುವುದು ಸಣ್ಣ ಧೈರ್ಯವಲ್ಲ. ಆದರೆ ಅಲ್ಲಿಗೇ ಮಾತು ನಿಂತರೆ ಅವರು ನಾಳೆ ಏನು ಅಭ್ಯಾಸ ಮಾಡಬೇಕು? ‘29ನೇ ಬಾರ್‌ನಿಂದ ನಿಮ್ಮ ತಾಳ ಓಡಲು ಶುರುವಾಯಿತು’ ಅಂದರೆ ಅದು ಉಪಯೋಗಕ್ಕೆ ಬರುತ್ತದೆ. ಅಂದಹಾಗೆ ಈ ಟ್ಯೂನಿನಲ್ಲಿ ಬಹಳ ಜನ ದಾರಿ ತಪ್ಪುವುದು ಅಲ್ಲಿಂದಲೇ. ಕೊನೆಯ ಭಾಗ ಎಂಟು ಬಾರ್‌ಗೆ ಮುಗಿಯುತ್ತದೆ ಅಂತ ಮೈಗೆ ಅಭ್ಯಾಸವಾಗಿರುತ್ತದೆ. ಇಲ್ಲಿ ಇನ್ನೂ ನಾಲ್ಕು ಬಾಕಿ ಇರುತ್ತವೆ.

ಹೆಚ್ಚಿನ ಹವ್ಯಾಸಿಗಳ ಟೇಕ್‌ಗಳಲ್ಲಿ ಉಸಿರು ಇರುವುದಿಲ್ಲ. ನಾದಸ್ವರದವರು, ಹಾಡುವವರು ಉಸಿರು ತೆಗೆದುಕೊಳ್ಳಲೇಬೇಕು. ಗಿಟಾರ್‌ಗೆ ಆ ಕಡ್ಡಾಯ ಇಲ್ಲ. ಹಾಗಾಗಿ ಬೆರಳು ನಿಲ್ಲದೆ ಓಡುತ್ತಲೇ ಇರುತ್ತದೆ, ಕೇಳುವವರಿಗೆ ಹಿಡಿಯಲು ಏನೂ ಸಿಗುವುದಿಲ್ಲ. ನುಡಿಸುವಾಗ ಇದು ಗೊತ್ತಾಗುವುದು ಕಷ್ಟ. ಬೇರೆಯವರ ಟೇಕ್ ಕೇಳುವಾಗ ತಕ್ಷಣ ಗೊತ್ತಾಗುತ್ತದೆ. ಜಿಮ್ ಹಾಲ್ ಎಂಬ ಗಿಟಾರ್ ವಾದಕರನ್ನು ಕೇಳಿ ಅಂತ ಇಂಥವರಿಗೆ ನಾನು ಹೇಳುತ್ತೇನೆ. ಅವರು ಬಿಟ್ಟ ಸ್ವರಗಳು ನುಡಿಸಿದ ಸ್ವರಗಳಷ್ಟೇ ಮುಖ್ಯ.

ಸ್ಯಾಕ್ಸೊಫೋನ್ ವಾದಕ ಲೀ ಕೊನಿಟ್ಜ್ ಶಿಷ್ಯರಿಗೆ ಹೇಳಿಕೊಡುತ್ತಿದ್ದ ಹತ್ತು ಹಂತಗಳ ಪದ್ಧತಿ ನನಗೆ ಬಹಳ ಇಷ್ಟ. ಮೊದಲ ಹಂತದಲ್ಲಿ ಹಾಡನ್ನು ಇದ್ದಂತೆಯೇ ನುಡಿಸಬೇಕು. ಆಮೇಲೆ ಅಲ್ಲೊಂದು ಇಲ್ಲೊಂದು ಸ್ವರ ಸೇರಿಸಬೇಕು. ಹಂತ ಹಂತವಾಗಿ ಹಾಡಿನಿಂದ ದೂರ ಹೋಗಿ, ಹತ್ತನೆಯದಕ್ಕೆ ಪೂರ್ತಿ ಹೊಸದನ್ನು ಕಟ್ಟಬೇಕು. ಗುಂಪಿನಲ್ಲಿ ಇದನ್ನು ಮಾಡಿ ನೋಡಿ. ಒಂದೇ ಟ್ಯೂನಿಗೆ ಒಬ್ಬರು ಎರಡನೇ ಹಂತದ ಟೇಕ್, ಇನ್ನೊಬ್ಬರು ಐದನೆಯದರ ಟೇಕ್ ಕೊಡಲಿ. ಎರಡನೇ ಹಂತದ್ದೇ ಹೆಚ್ಚು ಕಷ್ಟ ಅಂತ ಗೊತ್ತಾಗುತ್ತದೆ. ಅಲ್ಲಿ ಅಡಗಿಕೊಳ್ಳಲು ಜಾಗವೇ ಇಲ್ಲ.

ಬ್ಯಾಕಿಂಗ್ ಟ್ರ್ಯಾಕ್, ಅಂದರೆ ಜೊತೆಗೆ ನುಡಿಸಲು ಮೊದಲೇ ರೆಕಾರ್ಡ್ ಮಾಡಿಟ್ಟ ಪಕ್ಕವಾದ್ಯ, ಇದರ ಬಗ್ಗೆ ಪ್ರತಿ ಸಲ ಪ್ರಶ್ನೆ ಬರುತ್ತದೆ. ಅಮೆರಿಕದ ಜೇಮಿ ಏಬರ್‌ಸೋಲ್ಡ್ 1967ರಲ್ಲೇ ಜೊತೆಗೆ ನುಡಿಸುವುದಕ್ಕಾಗಿ ಎಲ್‌ಪಿ ತಂದರು. ಈಗ ಫೋನಿನಲ್ಲೇ ಬಾಸ್, ಡ್ರಮ್ಸ್, ಪಿಯಾನೋ ಎಲ್ಲ ಸಿಗುತ್ತವೆ. ಜೊತೆಗೆ ಯಾರೂ ಸಿಗದ ಊರಿನಲ್ಲಿರುವವರಿಗೆ ಅದು ದೊಡ್ಡ ಆಸರೆ. ಆದರೆ ಟ್ರ್ಯಾಕ್ ನಿಮ್ಮ ಮಾತು ಕೇಳುವುದಿಲ್ಲ. ನೀವು ಮೆತ್ತಗಾದರೆ ಅದು ಮೆತ್ತಗಾಗುವುದಿಲ್ಲ, ನೀವು ತಡೆದರೆ ಕಾಯುವುದಿಲ್ಲ. ಹಾಗಾಗಿ ಗುಂಪಿನಲ್ಲಿ ಟ್ರ್ಯಾಕ್ ಇಲ್ಲದ ಒಂದು ಟೇಕ್ ಆದರೂ ಇರಲಿ ಅಂತ ನಾನು ಕೇಳಿಕೊಳ್ಳುತ್ತೇನೆ. ಮೆಟ್ರೋನೋಮ್ (ತಾಳದ ಎಣಿಕೆಗೆ ಟಕ್ ಅನ್ನುವ ಯಂತ್ರ) ಎರಡು ಮತ್ತು ನಾಲ್ಕನೇ ಎಣಿಕೆಗೆ ಬೀಳಲಿ, ಉಳಿದದ್ದನ್ನು ನೀವೇ ಹಿಡಿದುಕೊಳ್ಳಿ. ಗಿಟಾರ್ ವಾದಕ ಜೋ ಪಾಸ್ 1973ರಲ್ಲಿ ಒಂಟಿ ಗಿಟಾರ್‌ನಲ್ಲಿ ಒಂದು ಆಲ್ಬಂ ರೆಕಾರ್ಡ್ ಮಾಡಿದರು. ಅದರಲ್ಲಿ ಇದೇ ಟ್ಯೂನ್ ಇದೆ. ಹಾಡು, ಕಾರ್ಡ್, ಬಾಸ್ ಮೂರೂ ಒಂದೇ ಕೈಯಿಂದ ಬಂದಂತಿರುತ್ತದೆ. ಅದನ್ನು ಕೇಳಿ ಹೆದರುವುದು ಬೇಡ. ಅವರು ಎಲ್ಲಿ ಕಾರ್ಡ್ ಬಿಟ್ಟು ಬರೀ ಒಂದು ಸ್ವರದ ಸಾಲು ನುಡಿಸುತ್ತಾರೆ ಅಂತ ಮಾತ್ರ ಗುರುತು ಹಾಕಿಕೊಳ್ಳಿ. ಎಷ್ಟೋ ಕಡೆ ಕೇಳುವ ಕಿವಿಯೇ ಉಳಿದದ್ದನ್ನು ತುಂಬಿಕೊಂಡಿರುತ್ತದೆ.

ಗುಂಪಿಗೆ ಹೊಸಬರು ಬಂದರೆ ಸೋಲೋ ಬೇಡ, ಬರೀ ಕಾರ್ಡ್‌ಗಳನ್ನು ತಾಳಕ್ಕೆ ಸರಿಯಾಗಿ ನುಡಿಸಿ ಕಳಿಸಿ ಅಂತ ನಾವು ಹೇಳುತ್ತೇವೆ. ಪಿಯಾನೋ ವಾದಕ ಕೌಂಟ್ ಬೇಸಿಯ ಜಾಝ್ ತಂಡದಲ್ಲಿ ಗಿಟಾರ್ ವಾದಕ ಫ್ರೆಡ್ಡಿ ಗ್ರೀನ್ ದಶಕಗಳ ಕಾಲ ಬಾರ್‌ಗೆ ನಾಲ್ಕು ಸಲ ಕಾರ್ಡ್ ಮೀಟುತ್ತಾ ಕೂತಿದ್ದರು, ಸೋಲೋ ತೀರಾ ಅಪರೂಪ. ಇಡೀ ತಂಡ ಅವರ ಮೇಲೆ ನಿಂತಿತ್ತು. ಹೊಸಬರ ಆ ಕಾರ್ಡ್‌ಗಳ ಮೇಲೆ ಹಳಬರೊಬ್ಬರು ತಮ್ಮ ಸೋಲೋ ಸೇರಿಸಿ ವಾಪಸ್ ಕಳಿಸುತ್ತಾರೆ. ತನ್ನ ಕಾರ್ಡ್ ಮೇಲೆ ಇನ್ನೊಬ್ಬರು ನುಡಿಸಿದ್ದನ್ನು ಕೇಳಿದ ಹೊಸಬರ ಸಂತೋಷ ನೋಡಬೇಕು. ತಾನು ಎಲ್ಲಿ ತಡವಾದೆ, ಎಲ್ಲಿ ಗಟ್ಟಿಯಾದೆ ಅನ್ನುವುದೂ ಅವರಿಗೆ ಯಾರೂ ಹೇಳದೆ ತಿಳಿಯುತ್ತದೆ.

ಈಗ ನಮ್ಮ ಗುಂಪಿನ ಇಬ್ಬರ ಅನುಮತಿ ಪಡೆದು ಅವರ ಟೇಕ್‌ಗಳನ್ನು ಹಾಕುತ್ತೇನೆ. ಮೊದಲನೆಯದು ಮೆಟ್ರೋನೋಮ್ ಜೊತೆ, ಪಿಕ್‌ನಲ್ಲಿ ನುಡಿಸಿದ್ದು. ಎರಡನೆಯದು ಹೆಬ್ಬೆರಳಿನಲ್ಲಿ, ಸ್ವಲ್ಪ ನಿಧಾನ. ಎರಡರಲ್ಲೂ ಎರಡೆರಡು ಕೋರಸ್ ಇವೆ. ಬಾರ್ ಎಣಿಸಲು ಬೆರಳು ಬಳಸಿ, ತಾಳ ಹಾಕಿದರೂ ಸರಿ. ಮುಗಿದ ಮೇಲೆ ನಿಮ್ಮ ಪ್ರಶ್ನೆಗಳಿಗೆ ಬರೋಣ.