ಸ್ಪ್ಯಾನಿಷ್ ಬರದವರು ಉಳಿಸಿಕೊಂಡ ಹಾಡು

ನಮಸ್ಕಾರ. ಇವತ್ತು ಮೆಕ್ಸಿಕೋದಿಂದ ಅಮೆರಿಕಕ್ಕೆ ಬಂದ ಕುಟುಂಬಗಳ ಬಗ್ಗೆ, ಅವರ ಹಾಡುಗಳ ಬಗ್ಗೆ ಮಾತಾಡಬೇಕು ಅಂತಿದ್ದೀನಿ. ಮೊದಲು ಒಂದು ಶಾಲೆಯ ವಿಷಯ.

ಟೆಕ್ಸಸ್‌ನ ಮಾರ್ಫಾ ಅನ್ನೋ ಸಣ್ಣ ಊರಲ್ಲಿ ಬ್ಲ್ಯಾಕ್‌ವೆಲ್ ಶಾಲೆ ಅಂತ ಇತ್ತು. ಮೆಕ್ಸಿಕನ್ ಮನೆಗಳ ಮಕ್ಕಳಿಗೇ ಅಂತ ಬೇರೆ ಮಾಡಿಟ್ಟ ಶಾಲೆ. 1954ರಲ್ಲಿ ಅಲ್ಲಿನ ಟೀಚರ್‌ಗಳು ಸ್ಪ್ಯಾನಿಷ್ ಬಿಟ್ಟೆವು ಅಂತ ಮಕ್ಕಳ ಕೈಯಲ್ಲಿ ಚೀಟಿ ಬರೆಸಿದರು. ಆ ಚೀಟಿಗಳನ್ನು ಪೆಟ್ಟಿಗೆಗೆ ತುಂಬಿ, ಧ್ವಜಸ್ತಂಭದ ಹತ್ತಿರ ಗುಂಡಿ ತೋಡಿ ಹೂಳಿಸಿದರು. ‘ಮಿಸ್ಟರ್ ಸ್ಪ್ಯಾನಿಷ್’ಗೆ ಅಂತ್ಯಸಂಸ್ಕಾರವಂತೆ! ಶಾಲೆಯಲ್ಲಿ ಮನೆಮಾತು ಆಡಿ ಸಿಕ್ಕಿಬಿದ್ದ ಮಕ್ಕಳಿಗೆ ಪೆಟ್ಟು ಬೀಳುತ್ತಿತ್ತು. ಈಗ ಆ ಕಟ್ಟಡ ಅಮೆರಿಕದ ರಾಷ್ಟ್ರೀಯ ಐತಿಹಾಸಿಕ ತಾಣ. ಅಲ್ಲಿ ಓದಿದವರಲ್ಲಿ ಕೆಲವರು ಇನ್ನೂ ನಮ್ಮ ನಡುವೆ ಇದ್ದಾರೆ.

ಹಾಗೆ ಪೆಟ್ಟು ತಿಂದ ಹುಡುಗ ಮುಂದೆ ಅಪ್ಪ ಆದಾಗ ಏನು ಮಾಡುತ್ತಾನೆ? ನನ್ನ ಮಗುವಿಗೆ ಈ ಗತಿ ಬರುವುದು ಬೇಡ ಅಂತ ಮನೆಯಲ್ಲೂ ಇಂಗ್ಲಿಷನ್ನೇ ಆಡುತ್ತಾನೆ. ಆ ಮಗು ದೊಡ್ಡದಾಗಿ ಮೆಕ್ಸಿಕೋಕ್ಕೆ ಹೋದರೆ ಅಲ್ಲಿನ ನೆಂಟರು ನಗುತ್ತಾರೆ. ಇಷ್ಟೂ ಸ್ಪ್ಯಾನಿಷ್ ಬರಲ್ಲವಾ, ನೀನೆಂಥ ಮೆಕ್ಸಿಕನ್ ಅನ್ನುತ್ತಾರೆ. ಭಾಷೆಯನ್ನು ಕಿತ್ತುಕೊಂಡವರು ಒಬ್ಬರು, ಅದಕ್ಕೆ ನಾಚಿಕೆ ಪಡಬೇಕಾದವರು ಇನ್ನೊಬ್ಬರು. ಇದು ಅನ್ಯಾಯ.

ನಾನು ಹೇಳಬೇಕು ಅಂತಿರೋದು ಇಷ್ಟು. ಮೆಕ್ಸಿಕನ್ ಹಾಡನ್ನು ಅಮೆರಿಕದ ದೊಡ್ಡ ವೇದಿಕೆಗೆ ತಂದವರಲ್ಲಿ ಕೆಲವರು, ಯಾರನ್ನು ಹೀಗೆ ನೋಡಿ ನಗುತ್ತೇವೋ ಅಂಥ ಮಕ್ಕಳೇ.

ರಿಚಿ ವ್ಯಾಲೆನ್ಸ್ ಹೆಸರು ಕೇಳಿರುತ್ತೀರಿ. ಹುಟ್ಟಿದ ಹೆಸರು ರಿಚರ್ಡ್ ವಲೆನ್ಸುವೆಲಾ. ರೇಡಿಯೋದವರಿಗೆ ಹಿಡಿಸಲಿ ಅಂತ ರೆಕಾರ್ಡಿಂಗ್‌ನವರು ಹೆಸರನ್ನು ಕತ್ತರಿಸಿದರು. ಲಾಸ್ ಏಂಜಲಿಸ್‌ನ ಪಕೋಯ್ಮಾ ಬಡಾವಣೆಯ ಈ ಹುಡುಗನಿಗೆ ಸ್ಪ್ಯಾನಿಷ್ ಸರಿಯಾಗಿ ಬರುತ್ತಿರಲಿಲ್ಲ. 1958ರಲ್ಲಿ ಮೆಕ್ಸಿಕೋದ ವೆರಾಕ್ರೂಸ್ ಕಡೆಯ ಹಳೇ ಜನಪದ ಹಾಡು ‘ಲಾ ಬಾಂಬಾ’ದ ಸಾಲುಗಳನ್ನು ಉಚ್ಚಾರ ಹಿಡಿದು ಕಲಿತು, ಎಲೆಕ್ಟ್ರಿಕ್ ಗಿಟಾರ್ ಜೊತೆ ಹಾಡಿದ. ಮರುವರ್ಷ ಫೆಬ್ರವರಿಯಲ್ಲಿ ವಿಮಾನ ಅಪಘಾತದಲ್ಲಿ ತೀರಿಕೊಂಡ. ಆಗ ಅವನಿಗೆ 17 ವರ್ಷ. ಸ್ಪ್ಯಾನಿಷಿನ ಒಂದು ಅಕ್ಷರ ಬರದವರೂ ಇವತ್ತಿಗೂ ಆ ಹಾಡನ್ನು ಗುನುಗುತ್ತಾರೆ.

ಇನ್ನು ಗಾಯಕಿ ಸೆಲೀನಾ. ಆಕೆಯ ಬಗ್ಗೆ ಸ್ವಲ್ಪ ಹೆಚ್ಚು ಹೇಳುತ್ತೀನಿ, ಯಾಕೆಂದರೆ ಆಕೆಯ ಕಥೆ ಅಂದರೆ ಇಡೀ ಕುಟುಂಬದ ಕಥೆ. ಸೆಲೀನಾ ಕಿಂಟಾನಿಯಾ ಹುಟ್ಟಿದ್ದು 1971ರಲ್ಲಿ, ಟೆಕ್ಸಸ್‌ನಲ್ಲಿ. ಅಪ್ಪ ಅಬ್ರಹಾಂ ಹರೆಯದಲ್ಲಿ ‘ಲಾಸ್ ಡೀನೋಸ್’ ಅನ್ನೋ ತಂಡದಲ್ಲಿ ಹಾಡಿದವರು. ಆಮೇಲೆ ಒಂದು ಹೋಟೆಲ್ ಇಟ್ಟರು, ಆರ್ಥಿಕ ಕುಸಿತಕ್ಕೆ ಸಿಕ್ಕಿ ಅದು ಮುಚ್ಚಿತು. ಉಳಿದದ್ದು ಮಕ್ಕಳು, ವಾದ್ಯಗಳು. ಅಣ್ಣ ಬೇಸ್ ಗಿಟಾರ್, ಅಕ್ಕ ಡ್ರಮ್ಸ್, ಸೆಲೀನಾ ಹಾಡು. ಇಂಗ್ಲಿಷ್ ಆಡುವ ಆ ಹುಡುಗಿಗೆ ಅಪ್ಪ ಸ್ಪ್ಯಾನಿಷ್ ಹಾಡುಗಳನ್ನು ಒಂದೊಂದೇ ಪದ ಹೇಳಿಕೊಟ್ಟರು. ಮದುವೆ, ಜಾತ್ರೆ, ಡ್ಯಾನ್ಸ್ ಹಾಲ್, ಎಲ್ಲಿ ಕರೆದರೆ ಅಲ್ಲಿಗೆ ಇಡೀ ಮನೆ ಹಳೇ ಬಸ್ಸಲ್ಲಿ ಹೊರಡುತ್ತಿತ್ತು.

ಮುಂದೆ ಮೆಕ್ಸಿಕೋದಲ್ಲಿ ಹೆಸರು ಬಂದಾಗ ಪತ್ರಿಕೆಯವರ ಎದುರು, ಟಿವಿ ಎದುರು ಕೂತು ಸ್ಪ್ಯಾನಿಷ್ ಮಾತಾಡಬೇಕಾಗಿ ಬಂತು. ಸಂದರ್ಶನವೊಂದರಲ್ಲಿ ಹದಿನಾಲ್ಕು ಅನ್ನೋ ಸಂಖ್ಯೆಯಲ್ಲೇ ಎಡವಿಬಿಟ್ಟಳು. ಮುಖ ಕೆಂಪಾಗಲಿಲ್ಲ, ಮಾತು ನಿಲ್ಲಲಿಲ್ಲ. ನಗುತ್ತಾ ಮುಂದುವರಿದಳು. ಜನ ಆ ನಗುವನ್ನೇ ಪ್ರೀತಿಸಿದರು. 1995ರ ಮಾರ್ಚ್ 31ರಂದು, 24ನೇ ಹುಟ್ಟುಹಬ್ಬಕ್ಕೆ ಇನ್ನೂ ಎರಡು ವಾರ ಇರುವಾಗ, ಆಕೆಯ ಕೊಲೆ ಆಯಿತು. ಅದೇ ಜುಲೈನಲ್ಲಿ ಬಂದ ಆಲ್ಬಮ್ ನೇರವಾಗಿ ಅಮೆರಿಕದ ಜನಪ್ರಿಯ ಸಂಗೀತದ ಬಿಲ್‌ಬೋರ್ಡ್ ಪಟ್ಟಿಯ ಮೊದಲ ಸ್ಥಾನಕ್ಕೆ ಹೋಯಿತು. ನನಗೆ ಆ ದಾಖಲೆಗಿಂತ ದೊಡ್ಡದಾಗಿ ಕಾಣುವುದು ಆ ಸಂದರ್ಶನ. ತಪ್ಪು ಸ್ಪ್ಯಾನಿಷ್ ಮಾತಾಡಿಕೊಂಡೇ ಪೂರ್ತಿ ಮೆಕ್ಸಿಕನ್ ಆಗಿರಬಹುದು ಅಂತ ಲಕ್ಷಾಂತರ ಹುಡುಗಿಯರಿಗೆ ಆಕೆ ತೋರಿಸಿಕೊಟ್ಟಳು.

ಇದಕ್ಕೆ ಪೂರ್ತಿ ಎದುರಾದ ಹಾಡು ಒಂದಿದೆ. ಅದನ್ನು ಹಾಡಿದ್ದು ನಾನಿರುವ ಕ್ಯಾಲಿಫೋರ್ನಿಯಾದ ಸ್ಯಾನ್ ಹೋಸೆಯದೇ ತಂಡ, ಲಾಸ್ ತೀಗ್ರೆಸ್ ದೆಲ್ ನೋರ್ತೆ. ಮೆಕ್ಸಿಕೋದ ಸಿನಲೋವಾ ರಾಜ್ಯದ ಹಳ್ಳಿಯಿಂದ 1960ರ ದಶಕದ ಕೊನೆಯಲ್ಲಿ ಬಂದ ಅಣ್ಣ ತಮ್ಮಂದಿರು, ಜೊತೆಗೆ ಒಬ್ಬ ಸೋದರಸಂಬಂಧಿ. ಅಕಾರ್ಡಿಯನ್ ಹಿಡಿದು ಕೂಲಿಗಳ, ಗಡಿ ದಾಟಿದವರ ಬದುಕನ್ನು ಐವತ್ತು ವರ್ಷಕ್ಕೂ ಮಿಕ್ಕಿ ಹಾಡುತ್ತಾ ಬಂದಿದ್ದಾರೆ. ಹಳೇ ಗಡಿಹಾಡುಗಳ ರೆಕಾರ್ಡುಗಳು ಹಾಳಾಗದಿರಲಿ ಅಂತ ಅವರ ಪ್ರತಿಷ್ಠಾನ 2000ದಲ್ಲಿ ಲಾಸ್ ಏಂಜಲಿಸ್‌ನ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯಕ್ಕೆ 5 ಲಕ್ಷ ಡಾಲರ್ ಕೊಟ್ಟಿತು. ಅವರ ಮೇಲೆ ನನಗಿರುವ ಗೌರವ ಸಣ್ಣದಲ್ಲ.

ಅವರ ‘ಲಾ ಹೌಲಾ ದೆ ಓರೋ’ ಚಿನ್ನದ ಪಂಜರದ ಹಾಡು. ದಾಖಲೆಪತ್ರ ಇಲ್ಲದ ಒಬ್ಬ ಅಪ್ಪ, ದುಡ್ಡಿದ್ದರೂ ಹೊರಗೆ ಕಾಲಿಡಲು ಹೆದರುತ್ತಾನೆ. ಹಾಡಿನ ನಡುವೆ ಸಂಗೀತದ ಜೊತೆ ಒಂದು ಮಾತುಕತೆ ಬರುತ್ತದೆ. ಊರಿಗೆ ವಾಪಸ್ ಹೋಗೋಣವಾ ಅಂತ ಅಪ್ಪ ಸ್ಪ್ಯಾನಿಷಿನಲ್ಲಿ ಕೇಳುತ್ತಾನೆ. ಮಗ ಇಂಗ್ಲಿಷಿನಲ್ಲಿ ಸಾಧ್ಯವೇ ಇಲ್ಲ ಅಂದುಬಿಡುತ್ತಾನೆ. ಅಪ್ಪನ ಸಂಕಟ ನಿಜ, ಕೇಳಿದವರ ಕರುಳು ಕಿವುಚುತ್ತದೆ. ಆದರೆ ಆ ಹಾಡಿನಲ್ಲಿ ಮಗನಿಗೆ ಸಿಕ್ಕಿರೋದು ಆ ಒಂದೇ ಉತ್ತರ. ಅವನು ಶಾಲೆಯಲ್ಲಿ ಏನು ಅನುಭವಿಸಿದ, ಅಪ್ಪನನ್ನು ಪೊಲೀಸರು ಹಿಡಿದಾರು ಅಂತ ಎಷ್ಟು ರಾತ್ರಿ ಹೆದರಿದ, ಯಾರೂ ಕೇಳುವುದಿಲ್ಲ. ಆ ಹುಡುಗನ ಪರವಾಗಿ ನಾನು ಮಾತಾಡಬೇಕು ಅನ್ನಿಸುತ್ತದೆ.

ಯಾಕೆಂದರೆ ಅಂಥ ಒಂದು ಮಗುವನ್ನು ನಾನು ಹತ್ತಿರದಿಂದ ನೋಡಿದ್ದೀನಿ. ನಮ್ಮ ಪಕ್ಕದ ಮನೆಯವರು ಮಿಚೋಕಾನ್ ರಾಜ್ಯದವರು, ಮನೆಗಳಿಗೆ ಛಾವಣಿ ಹಾಕುವ ಕೆಲಸ. ಮಗಳಿಗೆ 15 ತುಂಬಿದಾಗ ಕಿನ್ಸೆಆನ್ಯೆರಾ ಸಮಾರಂಭಕ್ಕೆ ನಮ್ಮನ್ನೂ ಕರೆದಿದ್ದರು. ಅದರಲ್ಲಿ ಒಂದು ಶಾಸ್ತ್ರ ಇದೆ. ಹುಡುಗಿಯ ಚಪ್ಪಟೆ ಚಪ್ಪಲಿ ತೆಗೆದು ಅಪ್ಪನೇ ಹೈ ಹೀಲ್ಸ್ ತೊಡಿಸಬೇಕು. ಅವರು ಮಂಡಿಯೂರಿ ಕೂತರು. ಡಾಂಬರು, ಮೊಳೆ ಹಿಡಿದು ಒರಟಾದ ಬೆರಳು, ಆ ಸಣ್ಣ ಬಕಲ್ ಸಿಗುತ್ತಲೇ ಇಲ್ಲ. ಮಗಳು ಬಗ್ಗಿ, “ಪರವಾಗಿಲ್ಲ ಅಪ್ಪ, ನಿಧಾನ” ಅಂತ ಇಂಗ್ಲಿಷಿನಲ್ಲಿ ಹೇಳಿದಳು. ಆಮೇಲೆ ಮರಿಯಾಚಿ ಅನ್ನೋ ಮೆಕ್ಸಿಕನ್ ವಾದ್ಯಮೇಳದ ತಂಡ ಮೆಕ್ಸಿಕೋದ ಗಾಯಕ ವಿಸೆಂತೆ ಫರ್ನಾಂಡಿಸ್ ಹಾಡು ಎತ್ತಿಕೊಂಡಾಗ ಅದೇ ಹುಡುಗಿ ಒಂದು ಸಾಲೂ ಬಿಡದೆ ಜೊತೆಗೆ ಹಾಡಿದಳು.

ಆಮೇಲೊಂದು ದಿನ ಆ ಹುಡುಗಿಯ ಅಪ್ಪ ನನ್ನ ಹತ್ತಿರ ಹೇಳಿದರು: “ನಮ್ಮಮ್ಮ ಹೋದಾಗ ನನ್ನ ಪೇಪರ್ಸ್ ಇನ್ನೂ ಆಗಿರಲಿಲ್ಲ. ಹೋದರೆ ವಾಪಸ್ ಬರೋಕಾಗಲ್ಲ. ಮಣ್ಣು ಮಾಡುವುದನ್ನು ಫೋನಿನಲ್ಲೇ ನೋಡಿದೆ. ಆಗ ಮಗಳು ಬಂದು ಪಕ್ಕದಲ್ಲಿ ಕೂತು ‘ಅಮೋರ್ ಎತೆರ್ನೊ’ ಹಾಕಿದಳು. ನಾನು ಏನೂ ಕೇಳಿರಲಿಲ್ಲ.” ಮೆಕ್ಸಿಕೋದ ಗಾಯಕ ಹ್ವಾನ್ ಗಾಬ್ರಿಯೆಲ್ ತನ್ನ ತಾಯಿಯ ನೆನಪಿನಲ್ಲಿ ಬರೆದರು ಅನ್ನೋ ಹಾಡು ಅದು, ಮೆಕ್ಸಿಕನ್ ಮನೆಗಳ ಸಾವಿನಲ್ಲಿ ಕೇಳಿಬರುವ ಹಾಡು. ಯಾವ ಹೊತ್ತಿಗೆ ಯಾವ ಹಾಡು ಅಂತ ಆ ಹುಡುಗಿಗೆ ಯಾವ ಶಾಲೆಯೂ ಕಲಿಸಿರಲಿಲ್ಲ. ಶನಿವಾರ ಬೆಳಿಗ್ಗೆ ಕಸ ಗುಡಿಸುವಾಗ ಅಮ್ಮ ಜೋರಾಗಿ ಹಾಕುತ್ತಿದ್ದ ಹಾಡುಗಳಿಂದ ಬಂದದ್ದು ಅದು.

ಹಾಡು ಬಂದರೆ ಭಾಷೆ ಬಂದ ಹಾಗಾಯಿತಾ ಅಂತ ನೀವು ಕೇಳಬಹುದು. ಇಲ್ಲ. ಅಜ್ಜಿಯ ಮಂಡಿನೋವು ವಿಚಾರಿಸಲು ಹಾಡು ಸಾಲದು. ಅದನ್ನು ಒಪ್ಪುತ್ತೀನಿ. ಆದರೆ ಹಾಡು ಗೊತ್ತಿರುವ ಮಗು ಮುಂದೊಂದು ದಿನ ಅದರ ಅರ್ಥ ಕೇಳಿಕೊಂಡು ಬರುತ್ತದೆ. ನಗೆಪಾಟಲಿಗೆ ಸಿಕ್ಕಿದ ಮಗು ಆ ಕಡೆ ತಲೆಹಾಕಿ ಮಲಗುವುದೂ ಇಲ್ಲ. ಇನ್ನು ಶುದ್ಧ ಅಶುದ್ಧದ ಮಾತು ಬಂದರೆ, ಮೆಕ್ಸಿಕೋದ ಉತ್ತರ ಭಾಗದ ಸಂಗೀತಕ್ಕೆ ಉಸಿರಾಗಿರುವ ಆ ಅಕಾರ್ಡಿಯನ್ ಇದೆಯಲ್ಲ, ಅದು ಬಂದದ್ದೇ ಜರ್ಮನ್, ಚೆಕ್ ವಲಸಿಗರಿಂದ, ಅವರ ಪೋಲ್ಕಾ ಕುಣಿತದ ಜೊತೆ.

ಕಲಿಸುವವರು ಕಲಿಸುತ್ತಲೂ ಇದ್ದಾರೆ. ಟೆಕ್ಸಸ್‌ನ ಸರ್ಕಾರಿ ಹೈಸ್ಕೂಲುಗಳಲ್ಲಿ ಈಗ ಮರಿಯಾಚಿ ತಂಡಗಳಿವೆ, ರಾಜ್ಯಮಟ್ಟದ ಮರಿಯಾಚಿ ಉತ್ಸವವೂ ಇದೆ. 2023ರಲ್ಲಿ ಕ್ಯಾಲಿಫೋರ್ನಿಯಾದ ಪ್ಯಾಟರ್ಸನ್ ಅನ್ನೋ ಸಣ್ಣ ಊರಿನ ಹುಡುಗರ ತಂಡ ಎಸ್ಲಾಬೋನ್ ಆರ್ಮಾದೊ, ಮೆಕ್ಸಿಕೋದ ಗಾಯಕ ಪೇಸೊ ಪ್ಲುಮಾ ಜೊತೆ ಹಾಡಿದ ಸ್ಪ್ಯಾನಿಷ್ ಹಾಡು ಬಿಲ್‌ಬೋರ್ಡ್ ಹಾಟ್ 100 ಪಟ್ಟಿಯ ಮೊದಲ ಐದರೊಳಗೆ ಬಂತು.

ನನ್ನ ಮೆಚ್ಚಿನ ಉದಾಹರಣೆ ಲಿಂಡಾ ರಾನ್‌ಸ್ಟಾಟ್. ಮೆಕ್ಸಿಕೋದ ಸೊನೋರಾದಿಂದ ಬಂದ ಅಜ್ಜ ಅಮೆರಿಕದ ಟೂಸಾನ್‌ನಲ್ಲಿ ವಾದ್ಯವೃಂದ ಕಟ್ಟಿದವರು. ಸೋದರತ್ತೆ ಲೂಯಿಸಾ ಎಸ್ಪಿನೆಲ್ 1946ರಲ್ಲಿ ತಂದೆಯಿಂದ ಕಲಿತ ಹಾಡುಗಳನ್ನು ಪುಸ್ತಕ ಮಾಡಿದರು. ಲಿಂಡಾ ಇಂಗ್ಲಿಷ್ ರಾಕ್ ಹಾಡಿ ದೊಡ್ಡ ತಾರೆಯಾದವರು, ಸ್ಪ್ಯಾನಿಷಿನಲ್ಲಿ ಸರಾಗವಾಗಿ ಮಾತಾಡಲು ಬಾರದು. 1987ರಲ್ಲಿ ಅತ್ತೆಯ ಪುಸ್ತಕದ ಹೆಸರನ್ನೇ ಇಟ್ಟು ‘ಕಾನ್ಸಿಯೋನೆಸ್ ದೆ ಮಿ ಪಾದ್ರೆ’, ಅಂದರೆ ‘ನನ್ನ ಅಪ್ಪನ ಹಾಡುಗಳು’, ಅನ್ನೋ ಆಲ್ಬಮ್ ತಂದರು. ಅಮೆರಿಕದಲ್ಲಿ ಅದರ 20 ಲಕ್ಷಕ್ಕೂ ಹೆಚ್ಚು ಪ್ರತಿಗಳು ಹೋದವು.

ಮುಂದೆ ಕಾಯಿಲೆಯಿಂದ ಅವರಿಗೆ ಹಾಡುವುದೇ ಸಾಧ್ಯವಾಗಲಿಲ್ಲ. 2019ರಲ್ಲಿ ಸ್ಯಾನ್ ಪಾಬ್ಲೋದ ಲಾಸ್ ಸೆನ್ಸೋಂಟ್ಲೆಸ್ ಕಲಾಶಾಲೆಯ ಮಕ್ಕಳ ಜೊತೆ ಬಸ್ ಹತ್ತಿ, ಸೊನೋರಾದಲ್ಲಿ ಅಜ್ಜನ ಊರಾದ ಬಾನಾಮಿಚಿಗೆ ಹೋದರು. ವಲಸಿಗರ ಮಕ್ಕಳು ಅಲ್ಲಿ ಹಾಡಿದರು, ಕುಣಿದರು. ಸ್ಯಾನ್ ಪಾಬ್ಲೋ ನಮ್ಮ ಬೇ ಏರಿಯಾದಲ್ಲೇ ಇದೆ. ಇಲ್ಲಿ ಶನಿವಾರ ಭಾನುವಾರ ಕನ್ನಡ ತರಗತಿ ನಡೆಸುವ ಅಕ್ಕ ಅಣ್ಣಂದಿರಿಗೆ ನನ್ನದೊಂದು ವಿನಂತಿ. ಒಮ್ಮೆ ಆ ಶಾಲೆಗೆ ಹೋಗಿ, ಗಿಟಾರ್ ಕೊಟ್ಟು ಅವರು ಹೇಗೆ ಕಲಿಸುತ್ತಾರೆ ಅಂತ ನೋಡಿ ಬನ್ನಿ. ಮಕ್ಕಳನ್ನೂ ಕರೆದುಕೊಂಡು ಹೋಗಿ.